ನೆಲ್ಲಿಬಾರೆಯ ಹುಳಗಳ ಸಾಕ್ಷಿ

ಬೆಂಕಿ ಬಿದ್ದು ಎರಡು ತಿಂಗಳಾದರೂ ನೆಲ್ಲಿಬಾರೆ ಹತ್ತಿ ಇಳಿದವರ ಕಾಲು ಮೊಣಕಾಲಿನವರೆಗೆ ಕಪ್ಪಾಗುತ್ತಿತ್ತು. ಕೇತಮ್ಮನ ಕಾಲಿನ ಮಸಿಯಂತೂ ಎಷ್ಟು ತೊಳೆದರೂ ಬಿಡುತ್ತಿರಲಿಲ್ಲ. ಆ ಇಳಿಜಾರಿನ ನೆಲ್ಲಿಕಾಯಿ, ಜೇನು ನಂಬಿಕೊಂಡೇ ಪೋಡಿನ, ಅಂದರೆ ಕಾಡಿನ ಹಾಡಿಯ, ಸೋಲಿಗರು ಅಜ್ಜಂದಿರ ಕಾಲದಿಂದ ಬದುಕಿದ್ದರು. ಈ ವರ್ಷ ಒಂದು ಕಾಯಿಯೂ ಇಲ್ಲ. ಸಾಲದ್ದಕ್ಕೆ ಬೆಂಕಿ ಇಟ್ಟವನು ಅವಳ ಗಂಡ ಮಾದು ಎಂದು ಕೇಸು. ಜೇನು ಕೀಳಲು ಹೋಗಿ, ಸೇದಿದ ಬೀಡಿಯನ್ನು ತರಗಿನ ಮೇಲೆ ಎಸೆದನಂತೆ. ಮಾದು ಎಲೆಯಡಿಕೆ ಹಾಕುತ್ತಾನೆಯೇ ಹೊರತು ಹುಟ್ಟಿದಾಗಿನಿಂದ ಬೀಡಿ ಮುಟ್ಟಿದವನಲ್ಲ. ಆದರೆ ರಿಪೋರ್ಟಿನಲ್ಲಿ ಬೀಡಿ ಇತ್ತು. ಬರೆದ ಪುಣ್ಯಾತ್ಮರು ತಾವೇ ಹಚ್ಚಿ ಅವನ ಬಾಯಿಗಿಟ್ಟಿದ್ದರು.

ಬೆಂಕಿ ಎಲ್ಲಿಂದ ಬಂತೆಂದು ಪೋಡಿನ ಕೋಳಿಗಳಿಗೂ ಗೊತ್ತಿತ್ತು. ಬಾರೆಯ ಬುಡದಲ್ಲಿ ರುದ್ರಸ್ವಾಮಿಯ ಜೋಳದ ಹೊಲ. ಅದರ ಬೇಲಿ ವರ್ಷಕ್ಕೆ ಎರಡು ಮಾರು ಕಾಡಿನೊಳಕ್ಕೆ ನಡೆಯುತ್ತದೆ. ಬೇಲಿಗೆ ಕಾಲಿದೆ, ಅಳೆಯುವವರಿಗೆ ಕಣ್ಣಿಲ್ಲ. ಕಟಾವಾದ ಮೇಲೆ ದಂಟಿಗೆ ಬೆಂಕಿ ಕೊಟ್ಟು ಆಳುಗಳು ಊಟಕ್ಕೆ ಹೋದರು, ಬೆಂಕಿ ಕಾಡಿಗೆ ಹೋಯಿತು. ಹಿಂದೆ ಸೋಲಿಗರು ಚಳಿಗಾಲ ಮುಗಿಯುವ ಮೊದಲೇ ತರಗಿಗೆ ಸಣ್ಣ ಬೆಂಕಿ ಇಡುತ್ತಿದ್ದರು. ಮೊಣಕಾಲೆತ್ತರಕ್ಕೆ ಏಳದ ಬೆಂಕಿ. ಅದು ಅಪರಾಧವೆಂದಾಯಿತು. ಲಂಟಾನ ಕಳೆ ಆಳೆತ್ತರ ಬೆಳೆಯಿತು. ಈಗ ಬೆಂಕಿ ಬಿದ್ದರೆ ಮರದ ನೆತ್ತಿ ಹತ್ತಿ ಕೂರುತ್ತದೆ.

ಕೇತಮ್ಮನಿಗೆ ನಾಲ್ಕು ವರ್ಷದಿಂದ ಹುಳ ಹಿಡಿಯುವ ಕೆಲಸ. ಕಾಡಿನ ಹುಳಗಳನ್ನು ಓದಲು ಬಂದ ಇಂಚರ ಎಂಬ ಹುಡುಗಿ ಕಲಿಸಿದ್ದು. ಪ್ಲಾಸ್ಟಿಕ್ ಲೋಟವನ್ನು ನೆಲಕ್ಕೆ ಸಮನಾಗಿ ಹೂತು, ಉಪ್ಪುನೀರಿಗೆ ಎರಡು ಹನಿ ಸೋಪು ಬಿಟ್ಟು ಬರುವುದು. ಮೂರು ದಿನ ಕಳೆದು ಎತ್ತಿದರೆ ಆ ಜಾಗದಲ್ಲಿ ಯಾರು ಯಾರು ವಾಸವಾಗಿದ್ದಾರೆಂದು ತಿಳಿಯುತ್ತದೆ. ಬೆಂಕಿಗೆ ಮುಂಚೆ ಬಾರೆಯಲ್ಲಿ ಇರುವೆಯೇ ಇಪ್ಪತ್ತು ಬಗೆ, ಸಗಣಿ ಹುಳ ಬೇರೆ. ಬೆಂಕಿಯಾದ ಮೇಲೆ ನಾಲ್ಕೇ ನಾಲ್ಕು ಬಗೆಯ ಇರುವೆ. ಆ ನಾಲ್ಕರಲ್ಲೂ ಮೂರು ಕಾಡಿನಲ್ಲಲ್ಲದೆ ಬೇರೆಲ್ಲೂ ಬದುಕದಂಥವು.

ಒಂದು ಭಾನುವಾರ ರುದ್ರಸ್ವಾಮಿಯೇ ಪೋಡಿಗೆ ಬಂದ. ಕೈಯಲ್ಲಿ ಉಪ್ಪಿನಕಾಯಿ ಡಬ್ಬ. ಹಿಂದೆ ಅವನ ಆಳು ನಂಜಯ್ಯ.

"ಕೇತಿ, ಬಾರೆಲಿ ಲೋಟ ಊಳೋಳು ನೀನೇ ಅಲ್ವಾ?"

"ನಾನೇ ಬುದ್ದಿ."

"ಮಂಗ್ಳಾರ ಕೊಳ್ಳೇಗಾಲ್ದಿಂದ ಕಮಿಟಿ ಬತ್ತದ. ಬಾರೆ ಕಾಡೋ ನಮ್ಮೊಲ್ವೋ ತೀರ್ಮಾನ ಮಾಡ್ತಾರ. ಕಾಡಾದ್ರ ನಿಮ್ದು, ಒಲ ಆದ್ರ ನಮ್ದು. ಆ ಇಂಚರ ಬರ್ದಿರ ಪುಸ್ತಕ ನಂಬಕಿಲ್ವಂತೆ, ಲೋಟ ಎತ್ತಿ ಕಣ್ಣಾರ ನೋಡ್ತಾರಂತೆ. ನೋಡು, ಪಾಣಿ ಪತ್ರಕ್ಕಿಂತ ಉಳಕ್ ಬೆಲ ಬಂದೋಯ್ತು!" ಡಬ್ಬ ಜಗಲಿಯ ಮೇಲಿಟ್ಟ. "ಇವು ನಮ್ಮೊಲದ್ ಉಳ. ಬಾರೆ ಲೋಟ್ಗೋಳ್ಗ ಆಕ್ಬುಡು. ನಮ್ಮಜ್ಜನ್ ಕಾಲ್ದಿಂದ ಒಲ ಅಂತ ಅವೇ ಏಳ್ಲಿ."

"ಸುಳ್ಳಾಯ್ತದಲ್ಲ ಬುದ್ದಿ."

"ಉಳ ಎಲ್ಲಾರ ಸುಳ್ ಏಳ್ತದಾ? ಮಾದುನ್ ಎಸ್ರ ಕೇಸಿಂದ ತಗ್ಸೋದು ನನ್ ಜವಾಬ್ದಾರಿ. ನೀ ಆಕ್ನಿಲ್ಲ ಅಂದ್ರ ಅವ್ನು ಜೈಲ್ಲೇ ಮುದ್ಕ ಆಯ್ತಾನ."

ಮನುಷ್ಯರಿಂದ ಸುಳ್ಳು ಸಾಕ್ಷಿ ಹೇಳಿಸುವುದರಲ್ಲಿ ರುದ್ರಸ್ವಾಮಿಯ ಕೈ ಪಳಗಿತ್ತು. ಹುಳಗಳ ಹತ್ತಿರ ಹೇಳಿಸುವುದು ಇದೇ ಮೊದಲು. ಆದರೂ ಮುಖದಲ್ಲಿ ಅಳುಕಿರಲಿಲ್ಲ.

ಅವರು ಹೋದ ಮೇಲೆ ಕೇತಮ್ಮ ಡಬ್ಬ ತೆಗೆದಳು. ನೋಡಿ ನಗು ತಡೆಯದೆ ಕೂತೇಬಿಟ್ಟಳು.

"ಏನಮ್ಮೀ?" ಎಂದ ಮಾದು.

"ಒಲದ್ ಉಳ ಅಲ್ಲ ಕನಾ, ಅಕ್ಕಿ ನುಸಿ!"

ಆದದ್ದಿಷ್ಟು. ಹೊಲದ ಹುಳ ಹಿಡಿದು ತಾ ಎಂದು ರುದ್ರಸ್ವಾಮಿ ನಂಜಯ್ಯನನ್ನು ಅಟ್ಟಿದ್ದ. ಬೆಳೆಗೆ ಹೊಡೆದ ಔಷಧಿಗೆ ಆ ಹೊಲದಲ್ಲಿ ಒಂದು ಮಿಡತೆಯೂ ಉಳಿದಿರಲಿಲ್ಲ. ಬರಿಗೈಲಿ ಹೋದರೆ ಬೈಗುಳ ಖಾತ್ರಿ. ನಂಜಯ್ಯ ಧಣಿಯ ಗೋದಾಮಿಗೆ ನುಗ್ಗಿ, ಅಕ್ಕಿ ಮೂಟೆ ಜರಡಿ ಹಿಡಿದು, ನುಸಿ ತುಂಬಿ ತಂದಿದ್ದ. ಧಣಿ ಡಬ್ಬದ ಮುಚ್ಚಳ ತೆಗೆದು ನೋಡುವ ಜಾತಿಯವನಲ್ಲ.

ಮಾದು ನಗಲಿಲ್ಲ. "ಏನಾರ ಆಗ್ಲಿ, ಆಕ್ಬುಡು. ಮೂರ್ ಸಲ ಠಾಣೆಲಿ ಕೂರ್ಸವ್ರ. ಇನ್ನ ನನ್ ಕೈಲಾಗಕಿಲ್ಲ."

"ಬಾರೆ ಓದ್ರ?"

"ಬಾರೆ ಬೆಂದೋಗದ."

"ಬೆಂದದ್ದು ಚಿಗುರ್ತದ. ಕೊಟ್ಟದ್ದು ಬತ್ತದಾ?"

ಮಾದು ಎಲೆಗೆ ಸುಣ್ಣ ಸವರತೊಡಗಿದ. ಜೈಲಿಗೆ ಹೋಗುವವನು ಅವನು, ತಾನಲ್ಲ ಎಂಬುದು ಕೇತಮ್ಮನಿಗೆ ಗೊತ್ತಿತ್ತು. ಬಹಳ ಹೊತ್ತು ಯೋಚಿಸಿದಳು. ಆಮೇಲೆ ಡಬ್ಬ ಎತ್ತಿಕೊಂಡು, ಪೆನ್ಸಿಲ್ ಕಿವಿಗೆ ಸಿಕ್ಕಿಸಿ, ಬಾರೆ ಹತ್ತಿದಳು.

ಮಂಗಳವಾರ ಕಮಿಟಿಯ ಜೀಪು ಬಂತು. ಹಿರಿಯ ಅಧಿಕಾರಿ ಬಿಳಿ ಪ್ಯಾಂಟು ಮಸಿಯಾಗದಂತೆ ತುದಿಗಾಲಲ್ಲಿ ಕಾಡು ಪರೀಕ್ಷೆ ಮಾಡಿದರು. ರುದ್ರಸ್ವಾಮಿ ಸತ್ತೇಗಾಲದಿಂದ ಎಳನೀರು ತರಿಸಿದ್ದ. ಪೋಡಿನವರು ಗಂಡಸು ಹೆಂಗಸೆನ್ನದೆ ಬಂದು ದೂರ ನಿಂತರು. ಇಂಚರ ಮೊದಲ ಲೋಟ ಎತ್ತಿ ಬಟ್ಟೆಯಲ್ಲಿ ಸೋಸಿದಳು. ಹುಬ್ಬೇರಿಸಿದಳು.

"ಸರ್, ಇದು ಅಕ್ಕಿ ನುಸಿ. ಇಲ್ಲಿ ಯಾವ ಕಾಲದಲ್ಲಿ ರೇಷನ್ ಅಂಗಡಿ ಇತ್ತು?"

ರುದ್ರಸ್ವಾಮಿ ನಂಜಯ್ಯನನ್ನು ನೋಡಿದ. ನಂಜಯ್ಯ ಆಕಾಶ ನೋಡಿದ. ಅಧಿಕಾರಿಗಳು ಎಳನೀರಿನ ಋಣ ಮರೆಯುವವರಲ್ಲ.

"ಹಿಂದೆ ಭತ್ತ ಬೆಳೀತಿದ್ರೇನೋ?" ಎಂದರು.

"ಊಂ ಸಾ! ನಮ್ಮಜ್ಜ ಬೆಳೀತಿದ್ರು!" ರುದ್ರಸ್ವಾಮಿ ಗಪ್ಪನೆ ಹಿಡಿದುಕೊಂಡ. ಮಳೆನೀರೇ ನಿಲ್ಲದ ಆ ಕಡಿದಾದ ಇಳಿಜಾರಿನಲ್ಲಿ ಅವರಜ್ಜ ಭತ್ತದ ಗದ್ದೆ ಮಾಡಿದ್ದನಂತೆ. ಗುಮಾಸ್ತ ಅದನ್ನೂ ಬರೆದುಕೊಂಡ.

"ತಡೀರಿ ಸಾ, ಒಳ್ಗ ಚೀಟಿ ಅದ," ಎಂದಳು ಕೇತಮ್ಮ.

ಹುಳ ಎಲ್ಲಿಯದು, ಯಾರು ಹಿಡಿದರು ಎಂದು ಪೆನ್ಸಿಲ್ಲಿನಲ್ಲಿ ಬರೆದು ಲೋಟಕ್ಕೆ ಹಾಕಬೇಕೆಂಬುದು ಆ ಕೆಲಸದ ಕಟ್ಟುನಿಟ್ಟು. ಇಂಚರ ಒದ್ದೆ ಚೀಟಿ ಬಿಡಿಸಿ ಗಟ್ಟಿಯಾಗಿ ಓದಿದಳು.

"ಹಿಡಿಸಿದವರು: ರುದ್ರಸ್ವಾಮಿ. ಜಾಗ: ಅವರ ಅಕ್ಕಿ ಮೂಟೆ. ಯಾಕೆ: ನಮ್ಮ ಬಾರೆ ಅವರ ಹೊಲ ಆಗಲಿ ಅಂತ."

ಇಪ್ಪತ್ತು ಲೋಟದಲ್ಲೂ ಅದೇ ಚೀಟಿ. ಕೊನೆಯ ಚೀಟಿ ಓದುವಾಗ ಜೀಪಿನ ಡ್ರೈವರೂ ಬಾಯಿಗೆ ಕೈ ಅಡ್ಡ ಹಿಡಿದಿದ್ದ.

"ಮಾದುನ್ ಎಸ್ರ ಕೇಸಿಂದ ತಗಸ್ತೀನಿ ಅಂತ ಕೊಟ್ರು ಸಾ," ಎಂದಳು ಕೇತಮ್ಮ. "ಕೇಸು ಆಕ್ಸಿದ್ದೂ ಅವ್ರೇ ಅಂತ ಆವತ್ತೇ ಗೊತ್ತಾಯ್ತು."

ಅಧಿಕಾರಿಗಳ ಮುಖ ಕೆಂಪಾಯಿತು. ರುದ್ರಸ್ವಾಮಿಯ ಮೇಲೆ ಸಿಟ್ಟು ಬಂತೆಂದು ತಿಳಿದವರು ದಡ್ಡರು.

"ತಪಾಸಣೆ ಲೋಟಕ್ಕೆ ಕೈ ಹಾಕಿದ್ದು ಯಾರು? ಈ ಹೆಂಗಸು! ಗಂಡ ಬೆಂಕಿ ಇಟ್ಟ, ಹೆಂಡತಿ ನುಸಿ ಇಟ್ಟಳು. ಬರ್ಕೊಳ್ರೀ ಇವಳ ಹೆಸರು!"

"ಸರ್, ಇದು ಅನ್ಯಾಯ," ಎಂದಳು ಇಂಚರ. ಅವಳ ಕಡೆ ಯಾರೂ ತಿರುಗಲಿಲ್ಲ. ಗುಮಾಸ್ತ ಜೀಪಿನ ಮೂತಿಯ ಮೇಲೆ ಹಾಳೆ ಹರಡಿದ.

ಹಿಂದಿನಿಂದ ಮುದುಕಿ ಜಡೆಮಾದಮ್ಮ ಕೋಲೂರಿಕೊಂಡು ಬಂದಳು. "ನನ್ನೆಸ್ರೂ ಬರ್ಕೊ ಮಗ. ಡಬ್ಬ ಇಡ್ಕಂಡಿದ್ದು ನಾನು." ಅವಳ ಸೊಸೆ ಬಂದಳು. ಸೊಸೆಯ ಅಕ್ಕ ಬಂದಳು. "ನಾನೂವಿ", "ನಾನೂ ಕನಾ" ಎನ್ನುತ್ತ ಇಡೀ ಪೋಡು ಬಂತು. ಅವರ ಲೆಕ್ಕದ ಪ್ರಕಾರ ಇಪ್ಪತ್ತು ಲೋಟಕ್ಕೆ ಐವತ್ತು ಜನ ಸೇರಿ ನುಸಿ ಹಾಕಿದ್ದರು. ಎಲ್ಲರಿಗಿಂತ ಹಿಂದೆ ನಿಂತಿದ್ದ ಮಾದು ಮುಂದೆ ಬಂದು, ಜೀಪಿನ ಎದುರಿಗೆ ಬೂದಿಯಲ್ಲೇ ಚಕ್ಕಳಮಕ್ಕಳ ಹಾಕಿ ಕೂತ. ಅವನು ಕೂತದ್ದು ನೋಡಿ ಎಲ್ಲರೂ ಕೂತರು.

"ದಾರಿ ಬಿಡ್ರೀ!" ಎಂದು ಅಧಿಕಾರಿ ಜೀಪು ಹತ್ತಿ ಕೂಗಿದರು. ಡ್ರೈವರು ಇಂಜಿನ್ ಚಾಲೂ ಮಾಡಿದ.

"ಬುಡ್ತೀವಿ ಸಾ. ಬರ್ದಾದ್ ಮ್ಯಾಲ," ಎಂದಳು ಕೇತಮ್ಮ. ಗುಮಾಸ್ತನ ಪಕ್ಕಕ್ಕೆ ಹೋಗಿ ಹಾಳೆಯ ಮೇಲೆ ಮಸಿ ಬೆರಳಿಟ್ಟಳು. "ನಮ್ಮೆಸ್ರ ಎಲ್ಡ್ನೇ ಸಾಲಿಂದ ಬರೀರಿ. ಮೊದ್ಲ್ನೇ ಸಾಲು ದಂಟಿಗ್ ಬೆಂಕಿ ಕೊಡ್ಸಿದ್ ರುದ್ರಸ್ವಾಮಿದು."

ಗುಮಾಸ್ತ ಅಧಿಕಾರಿಯ ಮುಖ ನೋಡಿದ. ಡ್ರೈವರು ಇಂಜಿನ್ ಆರಿಸಿದ.