ಚಿಪ್ಪುಗುಡ್ಡೆಯಿಂದ ಮರಳಿದ ವ್ಯಾನು

ನನ್ನ ಮೈಗೆ ಮೊದಲು ಬಳಿದ ಬಣ್ಣ ಬಿಳಿ. ಕಾರ್ಖಾನೆಯ ಅಂಗಳದಲ್ಲಿ ಸಾಲಾಗಿ ನಿಂತಿದ್ದ ನಮಗೆಲ್ಲರಿಗೂ ಅದೇ ಬಣ್ಣ, ಅದೇ ಮೋಟು ಮೂತಿ, ಅವೇ ಎರಡು ದುಂಡು ಕಣ್ಣು. ನಾನೊಂದು ವ್ಯಾನು ಎಂಬುದಷ್ಟೇ ಆಗ ನನಗೆ ಗೊತ್ತಿದ್ದದ್ದು. ಏನನ್ನು ಹೊರಬೇಕು, ಎಲ್ಲಿ ನಿಲ್ಲಬೇಕು, ಹೇಗೆ ಸುಮ್ಮನಿರಬೇಕು ಎಂಬುದನ್ನೆಲ್ಲ ಆಮೇಲೆ ನನ್ನ ಸ್ಟಿಯರಿಂಗ್ ಹಿಡಿದವರು ಕಲಿಸಿದರು.

ಮೊದಲು ಹಿಡಿದವರು ಪುತ್ತೂರಿನ ಸೇಸಪ್ಪಣ್ಣ. ಮದುವೆ, ಗೃಹಪ್ರವೇಶಗಳಿಗೆ ಅಡುಗೆ ಮಾಡಿಸುವವರು. ಕಡಾಯಿ, ಕೊಪ್ಪರಿಗೆ, ಸೌಟುಗಳ ಜೊತೆಗೆ ನಿದ್ದೆಗಣ್ಣಿನ ಅಡುಗೆಯವರನ್ನೂ ಹೊತ್ತು ಊರೂರು ತಿರುಗಿದೆ. ಸಾಂಬಾರಿನ ವಾಸನೆ ನನ್ನ ಸೀಟುಗಳಿಗೆ ಹಿಡಿದದ್ದು ಹಿಡಿದದ್ದೇ. ಸಿಗ್ನಲ್ಲಿನಲ್ಲಿ ನಿಂತರೆ ಪಕ್ಕದ ಸ್ಕೂಟರಿನವರು ಮೂಗು ಅರಳಿಸಿ ನನ್ನ ಕಡೆ ನೋಡುತ್ತಿದ್ದರು. ನನಗೆ ಅದರಲ್ಲಿ ಹೆಮ್ಮೆಯೇ ಇತ್ತು. ಮಂಡಿ ನೋವು ಹೆಚ್ಚಾಗಿ ಸೇಸಪ್ಪಣ್ಣ ಕೆಲಸ ನಿಲ್ಲಿಸಿದಾಗ ನನ್ನನ್ನು ನೋಡಲು ಇಬ್ಬರು ಹೆಂಗಸರು ಬಂದರು.

ಒಬ್ಬರು ವಾರಿಜಾ. ಬೆಳ್ತಂಗಡಿಯ ಹೈಸ್ಕೂಲೊಂದರಲ್ಲಿ ಡ್ರಿಲ್ ಟೀಚರಾಗಿ ನಿವೃತ್ತಿಯಾದವರು. ಗಟ್ಟಿ ಕಾಲು, ಗಟ್ಟಿ ದನಿ. ಇನ್ನೊಬ್ಬರು ಯಮುನಾ, ವಾರಿಜಾರ ಗಂಡ ಜನಾರ್ದನರ ತಂಗಿ. ನರ್ಸಾಗಿದ್ದವರು, ಮದುವೆಯಾಗಿರಲಿಲ್ಲ. ಅತ್ತಿಗೆ ನಾದಿನಿ ಒಂದೇ ಮನೆಯಲ್ಲಿ ಇಷ್ಟು ವರ್ಷ ಇದ್ದು, ಇನ್ನು ಸ್ವಲ್ಪ ಊರು ನೋಡೋಣ ಎಂದು ಹೊರಟಿದ್ದರು.

"ವಾಸನೆ ಉಂಟಲ್ಲ ಅತ್ತಿಗೆ ಇದಕ್ಕೆ," ಎಂದರು ಯಮುನಾ, ನನ್ನೊಳಗೆ ತಲೆ ಹಾಕಿ.

"ಹಸಿವಾಗುವ ವಾಸನೆ. ಇರಲಿ ಬಿಡು," ಎಂದರು ವಾರಿಜಾ.

ಅವರ ಮನೆಗೆ ಬಂದ ಮೇಲೆ ಬಡಗಿಯೊಬ್ಬ ನನ್ನ ಹಿಂಭಾಗದಲ್ಲಿ ಮಡಚುವ ಮಂಚ ಕೂರಿಸಿದ. ಪುಟ್ಟ ಸಿಂಕು ಬಂತು, ಅದರ ಕೆಳಗೆ ಮುಸುರೆ ನೀರು ತುಂಬಿಕೊಳ್ಳಲು ಒಂದು ಕ್ಯಾನು. ಯಮುನಾ ತಮ್ಮ ಹಳೆಯ ವಾಯಿಲ್ ಸೀರೆ ಹರಿದು ಪರದೆ ಹೊಲಿದರು. ಜನಾರ್ದನರು ಮಾತ್ರ ಚಹಾದ ಲೋಟ ಹಿಡಿದು ಜಗಲಿಯಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದರು.

"ನೀವಿಬ್ಬರು ಹೋಗಿ ಬನ್ನಿ. ನನಗೆ ನನ್ನ ಮಂಚ ಬಿಟ್ಟರೆ ನಿದ್ರೆ ಬರುದಿಲ್ಲ," ಎಂದರು ಅವರು. ಸಮುದ್ರವೆಂದರಂತೂ ಅವರಿಗೆ ದಡದಲ್ಲಿ ನಿಂತರೂ ತಲೆ ತಿರುಗುತ್ತಿತ್ತಂತೆ.

ಹಾಗೆ ನಾವು ಮೂವರು, ಅಂದರೆ ವಾರಿಜಾ, ಯಮುನಾ ಮತ್ತು ನಾನು, ಚಿಪ್ಪುಗುಡ್ಡೆಗೆ ಹೋಗಲು ಶುರುಮಾಡಿದೆವು.

ಚಿಪ್ಪುಗುಡ್ಡೆ ಒಂದು ದ್ವೀಪ. ದಡದಿಂದ ವಾಹನ ಸಾಗಿಸುವ ಚಪ್ಪಟೆ ದೋಣಿಯ, ಅಂದರೆ ಬಾರ್ಜಿನ, ಮೇಲೆ ನಿಂತು ಹೋಗಬೇಕು. ಊರಿಲ್ಲ, ಅಂಗಡಿಯಿಲ್ಲ. ಹೊನ್ನೆ ಮರ, ಮುಂಡುಕದ ಪೊದೆ, ಸಾಲು ಗಾಳಿಮರ, ಒಂದು ಪಾಳುಬಿದ್ದ ದೀಪಸ್ತಂಭ, ಅದರಾಚೆ ಉದ್ದಕ್ಕೆ ಬಿಳಿ ಮರಳು. ಕಡಲಾಮೆಗಳು ಮೊಟ್ಟೆಯಿಡಲು ಬರುವ ಜಾಗವಾದ್ದರಿಂದ ಸರಕಾರ ಅದನ್ನು ಕಾಯ್ದುಕೊಂಡಿತ್ತು. ವರ್ಷದಲ್ಲಿ ಕೆಲವು ತಿಂಗಳು ಮಾತ್ರ, ಅದೂ ಒಂದು ಸಲಕ್ಕೆ ಬೆರಳೆಣಿಕೆಯ ವಾಹನಗಳಿಗೆ ಮಾತ್ರ ಅಲ್ಲಿ ತಂಗಲು ಅಪ್ಪಣೆ. ಬಾರ್ಜಿನಿಂದ ಇಳಿದ ಕೂಡಲೇ ಅರಣ್ಯ ಇಲಾಖೆಯ ಗಾರ್ಡ್ ದಾಮೋದರ ಖಾರ್ವಿ ಎದುರಿಗೆ ಬಂದು ನಿಂತ. ತೆಳ್ಳಗಿನ ಆಳು, ಕುಂದಾಪುರದ ಕಡೆಯ ಮಾತು.

"ಬಂಡಿ ಈ ಪಾರೆಕಲ್ಲಿನ ಮೇಲೇ ನಿಲ್ಸ್ಕ್ ಅಕ್ಕ. ಹೊಯ್ಗೆಗೆ ಇಳ್ಸುಕಾಗ. ಬೇಲಿಯೊಳಗೆ ಇಪ್ಪುದು ನಾವ್ ಕಂಡ ಮೊಟ್ಟೆ. ಕಾಣದ್ದು ಎಲ್ಲೆಲ್ಲಿ ಇತ್ತೊ, ಗೊತ್ತಿಲ್ಲೆ. ಕತ್ಲಾದ್ ಮೇಲೆ ಬೆಳ್ಕ್ ಹಾಕುಕಾಗ. ಮರಿ ಬೆಳ್ಕ್ ಕಂಡ್ರೆ ಸಮುದ್ರ ಅಂದ್ಕಂಡ್ ಇತ್ಲಾಗೆ ಬತ್ತೊ."

"ಹೊಯ್ಗೆ ಅಂದರೆ ಮರಳು," ಎಂದು ಯಮುನಾ ಅತ್ತಿಗೆಯ ಕಿವಿಯಲ್ಲಿ ಹೇಳಿದರು.

"ಗೊತ್ತುಂಟು ಮಾರಾಯ್ತಿ," ಎಂದರು ವಾರಿಜಾ. ಅವರಿಗೆ ಆಗಲೇ ದಾಮೋದರ ಹಿಡಿಸಿಹೋಗಿದ್ದ. ನಿಯಮವನ್ನು ಹೀಗೆ ನೇರವಾಗಿ ಹೇಳುವವರೆಂದರೆ ಡ್ರಿಲ್ ಟೀಚರಿಗೆ ಪ್ರೀತಿ.

ಅಲ್ಲಿ ಬದುಕುವ ರೀತಿಯೇ ಬೇರೆ. ಕಟ್ಟಿಗೆ ಒಟ್ಟಿ ಬೆಂಕಿ ಹಾಕುವಂತಿಲ್ಲ, ನನ್ನೊಳಗಿನ ಸಣ್ಣ ಗ್ಯಾಸ್ ಒಲೆಯಲ್ಲಿ ಗಂಜಿ ಬೇಯುತ್ತಿತ್ತು. ತರಕಾರಿ ಸಿಪ್ಪೆ ಡಬ್ಬಿಯೊಳಗೆ ಹೋಗುತ್ತಿತ್ತು. ಪಾತ್ರೆ ತೊಳೆದ ನೀರಿನ ಒಂದು ತೊಟ್ಟೂ ನೆಲಕ್ಕೆ ಬೀಳುತ್ತಿರಲಿಲ್ಲ. ಪಾಯಿಖಾನೆಗೂ ಒಂದು ಮುಚ್ಚಳದ ಪೆಟ್ಟಿಗೆ ಇತ್ತು. ಮೊದಲ ಸಲ ಯಮುನಾ ಅದನ್ನು ನೋಡಿ ಮುಖ ಹಿಂಡಿದರು.

"ಇದನ್ನೂ ಊರಿಗೆ ಹೊತ್ತುಕೊಂಡು ಹೋಗುದಾ ಅತ್ತಿಗೆ?"

"ಮತ್ತೆ? ತಂದದ್ದು ನಾವೇ ಅಲ್ವಾ?"

ಇಡೀ ಆಸ್ಪತ್ರೆಯ ವಾರ್ಡುಗಳನ್ನು ಕಂಡ ಯಮುನಾ ಅದಕ್ಕೆ ಜೋರಾಗಿ ನಕ್ಕರು. ಆಮೇಲೆ ಆ ಪೆಟ್ಟಿಗೆ ಅವರದೇ ಜವಾಬ್ದಾರಿಯಾಯಿತು.

ಸಂಜೆ ಪರದೆ ಎಳೆದು, ದೀಪ ಹಾಕದೆ, ಇಬ್ಬರೂ ನನ್ನ ಹಿಂಬಾಗಿಲಿನ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರುತ್ತಿದ್ದರು. ಅದುವರೆಗೆ ನನ್ನ ಕಿವಿಗೆ ನನ್ನ ಎಂಜಿನಿನ ಸದ್ದು ಬಿಟ್ಟು ಬೇರೇನೂ ಬಿದ್ದಿರಲಿಲ್ಲ ಎಂದರೂ ಸರಿಯೇ. ಚಿಪ್ಪುಗುಡ್ಡೆಯಲ್ಲಿ ಎಂಜಿನ್ ತಣ್ಣಗಾಗುತ್ತ ಟಿಕ್ ಟಿಕ್ ಎನ್ನುವುದೂ ನಿಂತ ಮೇಲೆ ಅಲೆ ಬಂದು ಹೋಗುವುದು ಕೇಳಿಸುತ್ತಿತ್ತು, ಏಡಿಗಳು ಒಣಗಿದೆಲೆಯ ಮೇಲೆ ಓಡಾಡುವುದೂ ಕೇಳಿಸುತ್ತಿತ್ತು. ನನಗೆ ಆ ಜಾಗ ಬಹಳ ಹಿಡಿಸಿತು. ಸೀಟಿಗೆ ಹಿಡಿದಿದ್ದ ಸಾಂಬಾರಿನ ವಾಸನೆಯೂ ಕಡಲ ಗಾಳಿಗೆ ಮೆಲ್ಲಗೆ ಬಿಟ್ಟುಹೋಯಿತು.

ಎರಡನೆಯ ವರ್ಷ ಒಂದು ತಮಾಷೆ ನಡೆಯಿತು. ಮರಳಿ ಹೋಗುವಾಗ ಬಾರ್ಜಿನ ಮೇಲೆ ನನ್ನೊಳಗೆ ಏನೋ ಹರಿದಾಡಿದ ಹಾಗಾಯಿತು. ಯಮುನಾ ಚೀಲದಲ್ಲಿ ಇಟ್ಟುಕೊಂಡಿದ್ದ ಒಂದು ಚಂದದ ಶಂಖ ಹೊರಗೆ ಬಂದು, ಕಾಲು ಚಾಚಿ, ನನ್ನ ನೆಲದ ಮೇಲೆ ನಡೆಯುತ್ತಿತ್ತು. ಒಳಗೊಂದು ಏಡಿ ಮನೆ ಮಾಡಿಕೊಂಡಿತ್ತು.

"ಖಾಲಿ ಅಂತ ತೆಗೆದದ್ದು ಅತ್ತಿಗೆ," ಎಂದು ಯಮುನಾ ತಲೆ ತಗ್ಗಿಸಿದರು.

"ಖಾಲಿ ಇದ್ದರೂ ತೆಗೆಯುವ ಹಾಗಿಲ್ಲ. ನಾಳೆ ಯಾವುದೋ ಏಡಿಗೆ ಅದು ಬೇಕು," ಎಂದರು ವಾರಿಜಾ. ಬೈಯಲಿಲ್ಲ. ಬಾರ್ಜು ದಡ ಮುಟ್ಟಿದ ಮೇಲೆ ನನ್ನನ್ನು ಅಲ್ಲೇ ನಿಲ್ಲಿಸಿ, ಯಮುನಾ ಒಬ್ಬರೇ ಒದ್ದೆ ಬಟ್ಟೆಯಲ್ಲಿ ಏಡಿಯನ್ನು ಸುತ್ತಿಕೊಂಡು ಅದೇ ಬಾರ್ಜಿನಲ್ಲಿ ದ್ವೀಪಕ್ಕೆ ವಾಪಸು ಹೋದರು. ವಾರಿಜಾ ಮಧ್ಯಾಹ್ನವಿಡೀ ನನ್ನ ನೆರಳಿನಲ್ಲಿ ಕೂತು ಕಾದರು. ಗಂಡನಿಗೆ ಫೋನು ಮಾಡಿ, "ಬರುದು ತಡ ಆಗ್ತದೆ. ನಿಮ್ಮ ತಂಗಿ ಒಬ್ಬರನ್ನು ಮನೆಗೆ ಬಿಡ್ಲಿಕ್ಕೆ ಹೋಗಿದ್ದಾಳೆ," ಎಂದರು.

ಹೀಗೆ ವರ್ಷಗಳು ಚೆನ್ನಾಗಿಯೇ ಸಾಗಿದವು. ನನ್ನ ಬಾಗಿಲಿನ ಕೀಲುಗಳು ಉಪ್ಪುಗಾಳಿಗೆ ಕಿರುಗುಟ್ಟತೊಡಗಿದವು. ವಾರಿಜಾ ಎಣ್ಣೆ ಬಿಡುವಾಗ ಕೆಳಗೆ ಚಿಂದಿ ಹಿಡಿಯುತ್ತಿದ್ದರು, ಒಂದು ಹನಿಯೂ ಆ ಕಲ್ಲಿನ ಮೇಲೆ ಬೀಳಬಾರದೆಂದು.

ಒಂದು ವರ್ಷ ಏಪ್ರಿಲಿನಲ್ಲಿ ಅಕಾಲದ ಗಾಳಿಮಳೆ ಬಂತು. ಬೆಳಗ್ಗೆಯಿಂದ ಸೆಕೆ ಕುದಿಯುತ್ತಿತ್ತು. ಮಧ್ಯಾಹ್ನ ಕಳೆಯುತ್ತಲೇ ಆಕಾಶ ಕಪ್ಪಾಗಿ, ಬಾರ್ಜು ಬರುವುದು ನಿಂತಿತು. ಸ್ವಲ್ಪ ಹೊತ್ತಿಗೆ ದಾಮೋದರ ಓಡುತ್ತ ಬಂದ. ಮೈಯೆಲ್ಲ ಒದ್ದೆ.

"ಅಕ್ಕ, ನೀರ್ ಬೇಲಿ ಹತ್ರ ಬಂದಿತ್ತ್. ನಾನೊಬ್ಬ ಎಷ್ಟ್ ಅಂದೇಳಿ ತೆಗೀಲಿ?"

ಆಮೆಗಳು ಅಲ್ಲಲ್ಲಿ ಇಟ್ಟಿದ್ದ ಮೊಟ್ಟೆಗಳನ್ನು ಅವನು ಒಂದೂವರೆ ತಿಂಗಳ ಹಿಂದೆಯೇ ತಂದು, ಬೇಲಿ ಕಟ್ಟಿದ ಮರಳಿನಲ್ಲಿ ಹೂತಿಟ್ಟು ಕಾಯುತ್ತಿದ್ದ. ಮೊಟ್ಟೆಗಳು ಇಂದೋ ನಾಳೆಯೋ ಒಡೆಯುವ ಹೊತ್ತು. ಕಡಲು ಬೇಲಿಯೊಳಗೆ ನುಗ್ಗಿದರೆ ಅಷ್ಟೂ ಹೋದಂತೆ. ದಾಮೋದರನ ಗುಡಿಸಲಿನ ಮಾಡು ಆಗಲೇ ಹಾರಿತ್ತು. ಬೇರೆ ವಾಹನವೂ ಇರದ ಆ ದಿನ ದ್ವೀಪದಲ್ಲಿ ಒಣ ಜಾಗವೆಂದರೆ ನನ್ನ ಹೊಟ್ಟೆಯೊಂದೇ.

ವಾರಿಜಾ ಎದ್ದು ನಿಂತರು. "ಯಮುನಾ, ಹಾಸಿಗೆ ತೆಗೆ. ಎಲ್ಲ ಹೊರಗೆ ಹಾಕು."

ಹಾಸಿಗೆ, ಬಟ್ಟೆ, ಅಕ್ಕಿ ಡಬ್ಬ, ಎಲ್ಲ ತಾಡಪತ್ರಿಯ ಕೆಳಗೆ ಹೋದವು. ಬಕೆಟು, ಬುಟ್ಟಿ, ಬೇಸನ್ನುಗಳ ತಳಕ್ಕೆ ಮರಳು ಹಾಸಿದ್ದಾಯಿತು.

"ವ್ಯಾನನ್ನೇ ಬೇಲಿ ತನಕ ಇಳಿಸುವ ಅತ್ತಿಗೆ," ಎಂದರು ಯಮುನಾ. "ಹೊತ್ತುಕೊಂಡು ಬರುವಷ್ಟರಲ್ಲಿ ಅರ್ಧ ಹೋಗ್ತದೆ."

ವಾರಿಜಾರ ಕೈ ಕೀಲಿಯ ಮೇಲಿತ್ತು. ನಾನು ಇಳಿಯಲು ಸಿದ್ಧನಾಗಿದ್ದೆ. ನಿಮಿಷದ ದಾರಿ. ಆದರೆ ನಡುವಿನ ಮರಳಿನ ಕೆಳಗೆ ಏನಿದೆಯೆಂದು ಯಾರಿಗೂ ಗೊತ್ತಿರಲಿಲ್ಲ.

"ಬೇಲಿಯ ಒಳಗಿದ್ದದ್ದನ್ನು ಉಳಿಸ್ಲಿಕ್ಕೆ ಹೊರಗಿದ್ದದ್ದನ್ನು ಅರೆಯುದಾ?" ಎಂದು ಕೀಲಿ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡರು. "ನಡೆ. ಹೊರುವ."

ಮೂವರೂ ಹೊತ್ತರು. ದಾಮೋದರ ಮೊಟ್ಟೆ ಅಲುಗಿಸದಂತೆ, ಮೇಲು ಕೆಳಗಾಗದಂತೆ ಎತ್ತಿ ಕೊಡುವುದು, ಇಬ್ಬರು ಹೆಂಗಸರು ತುಂಬಿದ ಬಕೆಟನ್ನು ನಡುವೆ ಹಿಡಿದು ಕಾಲುದಾರಿಯಲ್ಲಿ ಏರಿ ಬರುವುದು. ಮಳೆ ಮುಖಕ್ಕೆ ಹೊಡೆಯುತ್ತಿತ್ತು. ಕೊನೆಯ ಗುಂಡಿಗಳ ಹತ್ತಿರ ಹೋಗುವಷ್ಟರಲ್ಲಿ ಅಲೆ ಬಂದು ಬೇಲಿಯನ್ನೇ ಎಳೆದುಕೊಂಡು ಹೋಯಿತು. ದಾಮೋದರ ಸೊಂಟದವರೆಗಿನ ನೀರಿನಲ್ಲಿ ನಿಂತು ಕೈಯಾಡಿಸಿದ. ಏನೂ ಸಿಗಲಿಲ್ಲ. ವಾರಿಜಾ ಹೋಗಿ ಅವನ ತೋಳು ಹಿಡಿದು ಮೇಲಕ್ಕೆ ಕರೆತಂದರು.

ಯಮುನಾ ನನ್ನೊಳಗೆ ಬುಟ್ಟಿಗಳನ್ನು ಒತ್ತಾಗಿ ಜೋಡಿಸಿ, ತಮ್ಮ ಸೀರೆಯ ಪರದೆಗಳನ್ನು ಕಿತ್ತು ಮುಚ್ಚುತ್ತಿದ್ದರು. ಆಗ ದೊಡ್ಡ ಗಾಳಿಮರವೊಂದು ಬುಡಸಮೇತ ನನ್ನ ಮೂತಿಯ ಮೇಲೆ ಬಿತ್ತು. ಗಾಜು ಪುಡಿಯಾಯಿತು, ಬಾನೆಟ್ಟು ಎಂಜಿನಿನೊಳಕ್ಕೆ ಕುಸಿಯಿತು. ನೋವೆಂದರೆ ಏನೆಂದು ನನಗೆ ಅಂದು ತಿಳಿಯಿತು.

"ಯಮುನಾ," ಎಂದು ವಾರಿಜಾ ಕೂಗಿದ ದನಿ ಗಾಳಿಯನ್ನೂ ಸೀಳಿಕೊಂಡು ಬಂತು.

"ಇದ್ದೇನೆ ಅತ್ತಿಗೆ. ಹಿಂದೆ ಏನೂ ಆಗ್ಲಿಲ್ಲ. ಇವೂ ಇದ್ದಾವೆ."

ವಾರಿಜಾ ಹಿಂಬಾಗಿಲಿಗೆ ಬಂದು ನಾದಿನಿಯನ್ನು ಅಪ್ಪಿಕೊಂಡು ನಿಂತರು.

ಮರುದಿನ ಕಡಲು ತಗ್ಗಿತು. ಸಂಜೆಯ ಹೊತ್ತಿಗೆ ನನ್ನೊಳಗಿನ ಮರಳು ಅಲುಗಾಡತೊಡಗಿತು. ಮೊದಲು ಒಂದು ಸಣ್ಣ ಕಪ್ಪು ಮೂಗು, ಆಮೇಲೆ ದೋಣಿಯ ಹುಟ್ಟಿನಂಥ ಎರಡು ಕೈ. ಆಮೇಲೆ ಬುಟ್ಟಿ ತುಂಬ ಮರಿಗಳು ಒಂದರ ಮೇಲೊಂದು ಹತ್ತುತ್ತ ಇಳಿಯುತ್ತ ಸರಸರ ಎಂದವು. ಅಷ್ಟು ವರ್ಷ ಏನೇನನ್ನೋ ಹೊತ್ತಿದ್ದೇನೆ, ಹೊತ್ತದ್ದು ನನ್ನೊಳಗೇ ಹುಟ್ಟಿದ್ದು ಅದೊಂದೇ ಸಲ. ದಾಮೋದರ ಅವನ್ನು ನೀರಿನಿಂದ ಸ್ವಲ್ಪ ದೂರದಲ್ಲಿ ಬಿಟ್ಟ. ಅವು ತಾವೇ ನಡೆದು ಹೋಗಬೇಕಂತೆ. ಯಮುನಾ ಮುಟ್ಟಲು ಕೈ ಚಾಚಿ, ಹಿಂದಕ್ಕೆ ತೆಗೆದುಕೊಂಡರು. ಒಂದು ಮರಿ ಅಲೆಗೆ ಸಿಕ್ಕಿ ಮಗುಚಿ ಹಿಂದಕ್ಕೆ ಬಂತು, ಮತ್ತೆ ಹೊರಟಿತು.

"ಹೋಗು ಮಗಾ, ಹೋಗು," ಎಂದರು ವಾರಿಜಾ. ಶಾಲೆಯ ಓಟದ ಸ್ಪರ್ಧೆಯಲ್ಲಿ ಕೊನೆಗೆ ಉಳಿದ ಮಗುವಿಗೆ ಹೇಳುವ ದನಿ ಅದು.

ಬಾರ್ಜು ಮತ್ತೆ ಶುರುವಾದಾಗ ದಡದಿಂದ ಮೆಕ್ಯಾನಿಕ್ ಬಂದ. ನನ್ನ ಸುತ್ತ ಒಂದು ಸುತ್ತು ಹಾಕಿ, ಕೈ ಒರೆಸಿಕೊಂಡ. ಎಂಜಿನಿಗೆ ಮಳೆನೀರು ಹೋಗಿತ್ತು, ಮುಂದಿನ ಆಕ್ಸಲ್ ಬಗ್ಗಿತ್ತು. ಇನ್ನು ಓಡುವುದಿಲ್ಲ ಎಂದ.

"ಇಲ್ಲೇ ಇರ್ಲಿ ಅಕ್ಕ," ಎಂದ ದಾಮೋದರ. "ಬಣ್ಣ ಹೊಡ್ದ್ ಇಟ್ಕಂತೆ. ನಂಗೂ ಒಂದ್ ಮಾಡ್ ಆಯ್ತ್."

ಯಮುನಾರಿಗೂ ಅದೇ ಆಸೆ. "ಇದಕ್ಕೆ ಈ ಜಾಗ ಅಂದ್ರೆ ಇಷ್ಟ ಅತ್ತಿಗೆ. ಎಳೆದುಕೊಂಡು ಹೋಗುದು ಯಾಕೆ?"

ನಿಜ ಹೇಳಬೇಕೆಂದರೆ, ನನಗೂ ಅಲ್ಲೇ ಇರಬೇಕೆಂದಿತ್ತು. ಹೊನ್ನೆಯ ನೆರಳು, ಅಲೆಯ ಸದ್ದು, ವರ್ಷ ವರ್ಷವೂ ಬರುವ ಆಮೆಗಳು. ಒಂದು ಮುದಿ ವ್ಯಾನಿಗೆ ಇನ್ನೇನು ಬೇಕು? ನನ್ನ ಕೈಯಲ್ಲಿದ್ದಿದ್ದರೆ ಟೈರುಗಳನ್ನು ಆ ಕಲ್ಲಿನಲ್ಲಿ ಬೇರಿನಂತೆ ಇಳಿಸಿಬಿಡುತ್ತಿದ್ದೆ.

ವಾರಿಜಾ ನನ್ನ ಡ್ರೈವರ್ ಸೀಟಿನಲ್ಲಿ ಬಂದು ಕೂತರು. ಗಾಜಿನ ಚೂರುಗಳನ್ನು ಒಂದೊಂದಾಗಿ ಹೆಕ್ಕಿ ಡಬ್ಬಿಗೆ ಹಾಕಿದರು. ಬಹಳ ಹೊತ್ತು ಸ್ಟಿಯರಿಂಗ್ ಮೇಲೆ ಕೈಯಿಟ್ಟುಕೊಂಡಿದ್ದರು. ಅವರ ಕಣ್ಣು ಒದ್ದೆಯಾಗಿತ್ತು. ಆಮೇಲೆ ಕೆಳಗಿಳಿದರು.

"ನೋಡು ದಾಮೋದರ, ನಿನಗೆ ಮಾಡು ಬೇಕು, ಸರಿ. ಅದನ್ನು ಇಲಾಖೆಗೆ ಹೇಳಿ ಮಾಡಿಸುವ, ನಾನೇ ಬರ್ತೇನೆ ಕೇಳ್ಲಿಕ್ಕೆ. ಇದು ಬೇಡ. ಇದರ ಎಣ್ಣೆ ಸೋರ್ತದೆ, ತುಕ್ಕು ಉದುರ್ತದೆ, ಬ್ಯಾಟರಿ ಒಡೀತದೆ. ಇದರ ಮೇಲೆ ನನಗೆ ಪ್ರೀತಿ ಉಂಟು ಅಂತ ಇದು ಕಸ ಆಗದೆ ಇರ್ತದಾ?"

ನನಗೆ ಆ ಮಾತು ಮರ ಬಿದ್ದದ್ದಕ್ಕಿಂತ ಹೆಚ್ಚು ನೋಯಿಸಿತು. ಆದರೆ ಹೇಳಿದ ಮೇಲೆ ಅವರು ನನ್ನ ಬಾಗಿಲನ್ನು ಅಂಗೈಯಿಂದ ಎರಡು ಸಲ ತಟ್ಟಿದರು, ಓಡಲು ಹೆದರಿದ ಮಗುವಿನ ಬೆನ್ನು ತಟ್ಟಿದ ಹಾಗೆ.

ನನ್ನನ್ನು ಕರೆದೊಯ್ಯುವ ದಿನ ಬಾರ್ಜಿನಿಂದ ಹಗ್ಗ, ಹಲಗೆ ಹಿಡಿದ ಮೀನುಗಾರರು ಇಳಿದರು. ಅವರ ಹಿಂದೆ, ಕಂಬಿಯನ್ನು ಎರಡೂ ಕೈಯಲ್ಲಿ ಅವಚಿಕೊಂಡು, ಸುಣ್ಣದಂತೆ ಬಿಳಿಚಿದ ಮುಖದ ಜನಾರ್ದನರು.

"ನೀವು ಯಾಕೆ ಬಂದದ್ದು?" ಎಂದರು ವಾರಿಜಾ.

"ನೀನು ಅಳ್ತಾ ಇದ್ದಿ ಅಂತ ಯಮುನಾ ಫೋನಿನಲ್ಲಿ ಹೇಳಿದಳು," ಎಂದವರು, ಅಲ್ಲೇ ಒಂದು ಕಲ್ಲಿನ ಮೇಲೆ ಕೂತು ವಾಂತಿ ತಡೆದುಕೊಂಡರು. ಸ್ವಲ್ಪ ಸುಧಾರಿಸಿದ ಮೇಲೆ ಎದ್ದು ಬಂದು ನನ್ನ ಬೆನ್ನಿಗೆ ಹೆಗಲು ಕೊಟ್ಟರು. ದಾರಿಯುದ್ದಕ್ಕೂ ಹಲಗೆ ಹಾಸಿ, ಹಗ್ಗ ಎಳೆದು, ಮರಳಿಗೆ ತಾಗದಂತೆ ನನ್ನನ್ನು ಬಾರ್ಜಿಗೆ ಏರಿಸಿದರು. ನಾನು ಸ್ವಲ್ಪವೂ ಬಿಗಿಹಿಡಿಯಲಿಲ್ಲ.

ಈಗ ನಾನು ಈಚೆ ದಡದಲ್ಲಿ, ಬಾರ್ಜು ಹತ್ತುವ ಜಾಗದ ಪಕ್ಕದಲ್ಲಿದ್ದೇನೆ. ನನ್ನ ಎಂಜಿನನ್ನೂ ಬ್ಯಾಟರಿಯನ್ನೂ ತೆಗೆದು, ಎಣ್ಣೆಯೆಲ್ಲ ಬಸಿದು, ಕಲ್ಲುಗಳ ಮೇಲೆ ಕೂರಿಸಿದ್ದಾರೆ. ದ್ವೀಪಕ್ಕೆ ಹೋಗುವ ವ್ಯಾನಿನವರು ನನ್ನೊಳಗೆ ಬಂದು ಕೂರುತ್ತಾರೆ. ಅಲ್ಲಿ ಹೇಗಿರಬೇಕೆಂದು ಅವರಿಗೆ ಹೇಳಲು ಶನಿವಾರಗಳಲ್ಲಿ ವಾರಿಜಾ, ಯಮುನಾ ಬಸ್ಸಿನಲ್ಲಿ ಬರುತ್ತಾರೆ. ಯುವಕರು ಮೊದಲು ನಗುತ್ತಾರೆ. ಯಮುನಾ ಪಾಯಿಖಾನೆ ಪೆಟ್ಟಿಗೆಯ ವಿಷಯ ತೆಗೆದ ಮೇಲೆ ಇನ್ನೂ ನಗುತ್ತಾರೆ, ಆದರೆ ಕೇಳುತ್ತಾರೆ.

ಮೊನ್ನೆ ದಾಮೋದರ ಬಂದಿದ್ದ. ಅವನಿಗೆ ಹೊಸ ಮಾಡು ಆಗಿದೆ. ವಾರಿಜಾ ಚಹಾ ಕೊಟ್ಟು ಕೇಳಿದರು, "ನಮ್ಮ ಬಂಡಿ ನಿಲ್ತಿದ್ದ ಜಾಗ ಈಗ ಹೇಗುಂಟು?"

ದಾಮೋದರ ಲೋಟ ಕೆಳಗಿಟ್ಟ. "ಯಾವ ಜಾಗ ಅಂದೇಳಿಯೇ ಗೊತ್ತಾತಿಲ್ಲೆ ಅಕ್ಕ. ಕಲ್ಲಿನ ಸಂದಿಯಗೆಲ್ಲ ಹುಲ್ಲ್ ಬಂದಿತ್ತ್. ನಾನೂ ಹುಡ್ಕದೆ. ಎಂತದೂ ಗುರ್ತ್ ಇಲ್ಲೆ."

ವಾರಿಜಾರ ಮುಖ ಅರಳಿದ್ದನ್ನು ನೋಡಬೇಕಿತ್ತು. ಇನ್ನೊಮ್ಮೆ ಹೇಳು ಎಂದು ಅವನ ಬಾಯಿಂದ ಅದನ್ನೇ ಮತ್ತೆ ಹೇಳಿಸಿದರು.

ಒಂದು ಕಾಲದಲ್ಲಿ ಆ ಮಾತು ಕೇಳಿದ್ದರೆ ನನ್ನ ಜೀವ ಹಿಂಡುತ್ತಿತ್ತು. ಅಷ್ಟು ಪ್ರೀತಿಸಿದ ಜಾಗದಲ್ಲಿ ನನ್ನದೊಂದು ಗೆರೆಯೂ ಉಳಿಯಲಿಲ್ಲವೇ ಎಂದು. ಅಂದು ಹಾಗಾಗಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ನನ್ನ ತಗಡು ಬೆಚ್ಚಗಾಗಿತ್ತು. ಒಡೆದ ಗಾಜಿನ ಚೌಕಟ್ಟಿನಾಚೆ, ನೀರಿನ ಮೇಲೆ, ಚಿಪ್ಪುಗುಡ್ಡೆ ಹಸಿರಾಗಿ ಕಾಣುತ್ತಿತ್ತು. ಅಲ್ಲಿನ ಹುಲ್ಲು ಚೆನ್ನಾಗಿ ಬಂದಿದೆಯಂತೆ.