ಹೊಸ ಕಾವಲಿಯ ಮೊದಲ ರೊಟ್ಟಿ

ದೇವನೂರಿನಲ್ಲಿ ರುದ್ರಮ್ಮನ ಕೈರುಚಿ ಅಂದರೆ ಸಾಮಾನ್ಯವಲ್ಲ. ಆಕೆ ಮಾಡಿದ ಬದನೆಕಾಯಿ ಎಣ್ಣೆಗಾಯಿ ಉಂಡವರು ಮಾರನೆಯ ದಿನವೂ ಕೈ ಮೂಸಿ ನೋಡಿಕೊಳ್ಳುತ್ತಿದ್ದರು. ಅಂಥವಳ ಮನೆಗೆ ಬಂದೂ ಒಂದು ತುತ್ತು ತಿನ್ನದೆ ಹೋಗುತ್ತಿದ್ದವರು ಇಬ್ಬರೇ ಇಬ್ಬರು. ಆಕೆಯ ಗ್ರಹಚಾರಕ್ಕೆ ಆ ಇಬ್ಬರೂ ಸ್ವಂತ ಮೊಮ್ಮಕ್ಕಳು.

ಏಳು ವರ್ಷದ ಶಿವಾನಿಗೆ ಕಡಲೆಕಾಯಿ, ಎಳ್ಳು ಎರಡೂ ಆಗದು. ಅವಳ ತಮ್ಮ ಮದನನಿಗೆ ಹಾಲು, ಮೊಸರು, ತುಪ್ಪ ಯಾವುದು ಸೋಕಿದರೂ ಮೈಯೆಲ್ಲ ದದ್ದು. ಇವರ ಅಪ್ಪ, ಅಂದರೆ ರುದ್ರಮ್ಮನ ಮಗ ಮಲ್ಲಿಕಾರ್ಜುನನಿಗೆ ಗೋಧಿ ಆಗುವುದಿಲ್ಲ. ಮುದ್ದೆ, ಅನ್ನ ಉಂಡು ಬೆಳೆದವನಾದ್ದರಿಂದ ಆ ಸಂಗತಿ ಹೊರಬಿದ್ದದ್ದು ಹಾಸ್ಟೆಲ್ಲಿಗೆ ಸೇರಿ ಚಪಾತಿ ತಿಂದ ಮೇಲೆಯೇ. ಹೀಗಾಗಿ ಸೊಸೆ ಅರ್ಪಿತ ನರಸೀಪುರದಿಂದ ಬರುವಾಗಲೆಲ್ಲ ಮಕ್ಕಳ ಊಟವನ್ನು ಡಬ್ಬಿಯಲ್ಲಿ ಕಟ್ಟಿಕೊಂಡು ಬರುತ್ತಿದ್ದಳು, ಸಂಜೆಯ ಬಸ್ಸಿಗೆ ಮಕ್ಕಳ ಜೊತೆ ಹೊರಟುಬಿಡುತ್ತಿದ್ದಳು. ಒಂದು ರಾತ್ರಿ ಕೂಡ ಅವರನ್ನು ಅಜ್ಜಿಯ ಮನೆಯಲ್ಲಿ ಬಿಟ್ಟವಳಲ್ಲ.

ಮೊದಮೊದಲು ರುದ್ರಮ್ಮ ಮೂಗು ಮುರಿದದ್ದುಂಟು. ಆಕೆಯ ಗಂಡ ಗುರುಮಲ್ಲಪ್ಪನವರು 'ಊಟ ಬಲ್ಲವನಿಗೆ ರೋಗವಿಲ್ಲ' ಎಂದು ಗಾದೆ ಬೇರೆ ಸೇರಿಸುತ್ತಿದ್ದರು. ಆದರೆ ಹೋದ ವರ್ಷ ನಂಜನಗೂಡಿನ ಒಂದು ಮದುವೆಯಲ್ಲಿ ಯಾರೋ ಪುಣ್ಯಾತ್ಮರು ಶಿವಾನಿಯ ಕೈಗೆ ಒಂದು ಚೂರು ಕಡಲೆಕಾಯಿ ಚಿಕ್ಕಿ ಕೊಟ್ಟರು. ನೋಡನೋಡುತ್ತ ಮಗುವಿನ ತುಟಿ ಊದಿತು, ಉಸಿರು ಸುಯ್‌ಗುಟ್ಟತೊಡಗಿತು. ಆಸ್ಪತ್ರೆ ಮುಟ್ಟುವವರೆಗೂ ಆಟೋದಲ್ಲಿ ಅವಳನ್ನು ತೊಡೆಯ ಮೇಲೆ ಹಾಕಿಕೊಂಡಿದ್ದವಳು ರುದ್ರಮ್ಮನೇ. ಅಲ್ಲಿಂದ ಮುಂದೆ ಆ ಗಾದೆ ಎತ್ತಿದರೆ ಗಂಡನಿಗೂ ಮಂಗಳಾರತಿಯೇ.

ಈಗ ಆಕೆಗಿದ್ದದ್ದು ಒಂದೇ ಆಸೆ. ಬೇಸಿಗೆ ರಜದಲ್ಲಿ ಮಕ್ಕಳು ಒಂದು ವಾರ ತನ್ನ ಹತ್ತಿರ ಇರಬೇಕು. ಬಾಯಿಬಿಟ್ಟು ಕೇಳಬೇಕಾದರೆ ಮೊದಲು ಒಂದು ಹೊತ್ತಿನ ಊಟವನ್ನಾದರೂ ಹಾಕಿ ತೋರಿಸಬೇಕಲ್ಲ! ಅವರೆಕಾಯಿಯ ಕಾಲ ಬಂದಾಗ ಧೈರ್ಯ ಮಾಡಿ ಸೊಸೆಗೆ ಫೋನು ಹಚ್ಚಿದಳು.

"ಈ ಶನಿವಾರ ಡಬ್ಬಿ ತರಬ್ಯಾಡ ಕಣವ್ವ. ಅವರೆಕಾಳಾಕಿ ಅಕ್ಕಿ ರೊಟ್ಟಿ ಮಾಡ್ತೀನಿ. ಏನೇನ್ ಆಗಲ್ಲ ಅಂತ ಇನ್ನೊಂದ್ ಸಲ ಏಳ್ಬುಡು."

ಅರ್ಪಿತ ಒಂದೊಂದನ್ನೂ ಎರಡೆರಡು ಸಲ ಹೇಳಿದಳು. ಆಮೇಲೆ, "ಆಯ್ತು ಅತ್ತೆ" ಅಂದಳು.

ರುದ್ರಮ್ಮ ಸೆರಗು ಕಟ್ಟಿ ನಿಂತಳು. ಮಿಲ್ಲಿನಲ್ಲಿ ಗೋಧಿಯನ್ನೂ ಬೀಸುತ್ತಾರೆಂದು ಅಕ್ಕಿ ತೊಳೆದು ಒಣಗಿಸಿ ಮನೆಯಲ್ಲೇ ಕುಟ್ಟಿದಳು. ಮನೆಗೆ ತರುವುದು ಕಡಲೆಕಾಯಿ ಎಣ್ಣೆ, ಅದು ಬೇಡವೆಂದು ಬೇರೆಯಾಗಿ ಕೊಬ್ಬರಿ ಎಣ್ಣೆ ತರಿಸಿದಳು. ಅತ್ತೆಯ ಕಾಲದ ಕಾವಲಿ ಕಾಣದ ಎಣ್ಣೆಯಿಲ್ಲ, ತುಪ್ಪವಿಲ್ಲ. ಅದನ್ನು ಪಕ್ಕಕ್ಕಿಟ್ಟು ನಂಜನಗೂಡಿನಿಂದ ಹೊಸ ಕಬ್ಬಿಣದ ಕಾವಲಿ ಕೊಂಡು ತಂದಳು. ಹೊಸ ಕಾವಲಿಯ ಮೇಲೆ ಹಾಗೇ ರೊಟ್ಟಿ ಹಾಕಿದರೆ ಕಚ್ಚಿಕೊಂಡು ಮಾನ ಕಳೆಯುತ್ತದೆ. ಅದಕ್ಕೇ ಅದನ್ನು ಉಜ್ಜಿ ತೊಳೆದು, ಒಲೆಯ ಮೇಲಿಟ್ಟು, ಎಣ್ಣೆಯಲ್ಲಿ ಅದ್ದಿದ ಅರ್ಧ ಈರುಳ್ಳಿಯಿಂದ ತಿಕ್ಕಿ ತಿಕ್ಕಿ ಪಳಗಿಸಿ, ಯಾರೂ ಮುಟ್ಟದ ಹಾಗೆ ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೇರಿಸಿದಳು.

ಶನಿವಾರ ಅರ್ಪಿತ ಡಬ್ಬಿ ಇಲ್ಲದೆಯೇ ಬಂದಳು. ಚೀಲದಲ್ಲಿದ್ದದ್ದು ಡಾಕ್ಟರು ಬರೆದುಕೊಟ್ಟ ಔಷಧಿ ಮಾತ್ರ. ಅವಳು ಹಿತ್ತಲಿನಲ್ಲಿ ಮದನನ ಕೈಕಾಲು ತೊಳೆಸುತ್ತಿದ್ದಾಗ ಶಿವಾನಿ ಒಲೆಯ ಪಕ್ಕದಲ್ಲಿ ತಟ್ಟೆ ಹಿಡಿದು ಕೂತಿದ್ದಳು. ಮೊದಲ ರೊಟ್ಟಿ ಕಚ್ಚಿಕೊಳ್ಳದೆ ಚಂದವಾಗಿ ಎದ್ದು ಬಂತು. ಅದು ತಟ್ಟೆಗೆ ಬಿದ್ದಾಗ ರುದ್ರಮ್ಮನ ಹೊಟ್ಟೆ ತಣ್ಣಗಾಯಿತು.

"ಅಜ್ಜಿ, ಈ ಎಣ್ಣೆ ಹೊಸದಾ?" ಶಿವಾನಿ ರೊಟ್ಟಿ ಮುರಿದು ಊದುತ್ತ ಕೇಳಿದಳು. ಯಾವುದನ್ನೂ ಕೇಳದೆ ತಿನ್ನದಿರುವುದು ಅವಳಿಗೆ ಅಭ್ಯಾಸ.

"ಊ ಕಣವ್ವ. ಬಾಟ್ಲಿ ಬಿರಡೆ ತೆಗ್ದಿದ್ದೇ ಇವತ್ತು ಬೆಳಿಗ್ಗೆ, ನಿಂಗೋಸ್ಕರ!"

ತನ್ನ ಮಾತು ತನ್ನ ಕಿವಿಗೇ ಬಿದ್ದು ರುದ್ರಮ್ಮ ಕಾವಲಿಯ ಕಡೆ ತಿರುಗಿ ನೋಡಿದಳು. ಬಾಟಲಿ ತೆರೆದದ್ದು ಇವತ್ತು ಬೆಳಿಗ್ಗೆ. ಹಾಗಾದರೆ ಮೊನ್ನೆ ಕಾವಲಿ ಪಳಗಿಸಿದ್ದು ಯಾವ ಎಣ್ಣೆಯಲ್ಲಿ? ಒಲೆಯ ಪಕ್ಕದ ಗಿಂಡಿಯಲ್ಲಿ ಸದಾ ಇರುವ ಕಡಲೆಕಾಯಿ ಎಣ್ಣೆಯಲ್ಲಿ! ಅವ್ವ ಕಲಿಸಿದ ಕೆಲಸವನ್ನು ಕೈ ತಾನಾಗಿ ಮಾಡಿ ಮುಗಿಸಿತ್ತು, ತಲೆಯನ್ನು ಒಂದು ಮಾತು ಕೇಳಿರಲಿಲ್ಲ.

ಬಾಯಿಯ ಹತ್ತಿರ ಹೋಗಿದ್ದ ತುತ್ತನ್ನು ಆಕೆ ಹೊಡೆದು ಬೀಳಿಸಿದಳು. ತಟ್ಟೆ ಠಣ್ಣೆಂದು ಉರುಳಿತು, ಶಿವಾನಿ ಹೋ ಎಂದು ಅತ್ತಳು. ಜಗಲಿಯಿಂದ ಗುರುಮಲ್ಲಪ್ಪನವರು, ಹಿತ್ತಲಿನಿಂದ ಅರ್ಪಿತ ಒಟ್ಟಿಗೇ ಓಡಿಬಂದರು.

"ಏನಾಯ್ತಮ್ಮಿ? ಹುಳ ಗಿಳ ಬಿದ್ದಿತ್ತಾ?" ಎಂದು ಗುರುಮಲ್ಲಪ್ಪನವರು ಕೇಳಿದರು.

ಹೂಂ ಅಂದಿದ್ದರೆ ಆಗಿಹೋಗುತ್ತಿತ್ತು. ಹುಳ ಬಿದ್ದ ರೊಟ್ಟಿಗೆ ಯಾವ ಸೊಸೆಯೂ ಅತ್ತೆಯನ್ನು ದೂರುವುದಿಲ್ಲ. ಬೇಸಿಗೆ ರಜದ ಆಸೆಯೂ ಉಳಿಯುತ್ತಿತ್ತು. ರುದ್ರಮ್ಮನಿಗೆ ಅದು ಹೊಳೆಯಲಿಲ್ಲವೆಂದಲ್ಲ, ಹೊಳೆಯಿತು. ಆದರೆ ಆಟೋದಲ್ಲಿ ಕೇಳಿದ ಆ ಸುಯ್‌ಗುಟ್ಟುವ ಉಸಿರು ನೆನಪಾಗಿ ನಾಲಿಗೆ ಹೊರಳಲಿಲ್ಲ.

"ಹುಳ ಅಲ್ಲ. ಕಾವಲೀನ ಕಡ್ಲೆಕಾಯ್ ಎಣ್ಣೇಲಿ ಪಳಗಿಸ್ಬುಟ್ಟಿವ್ನಿ ಕಣವ್ವ ಅರ್ಪಿತ. ನನ್ ಬುದ್ದಿಗೆ ಮಣ್ಣಾಕ."

ಅರ್ಪಿತ ಮಗಳ ಗಲ್ಲ ಹಿಡಿದು ಬಾಯಿ ತೆರೆಸಿ ನೋಡಿದಳು. "ತಿಂದ್ಯಾ?"

"ಇಲ್ಲ. ಅಜ್ಜಿ ಹೊಡ್ದೇಬಿಟ್ಟಳು" ಎಂದು ಶಿವಾನಿ ಬಿಕ್ಕಿದಳು.

ಕೈ ಬಾಯಿ ತೊಳೆಸಿ, ಬಟ್ಟೆ ಬದಲಿಸಿ, ಅರ್ಪಿತ ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು ಬಹಳ ಹೊತ್ತು ಅವಳ ಮುಖವನ್ನೇ ನೋಡಿದಳು. ಏನೂ ಆಗಲಿಲ್ಲ. ಶಿವಾನಿಗೆ ಹಸಿವಾಯಿತು, ಅಷ್ಟೇ.

ರುದ್ರಮ್ಮ ಕಾವಲಿಯನ್ನು ಹಿತ್ತಲಿಗೆ ಸಾಗಿಸಿದಳು. ಕಾವಲಿ ಮುಟ್ಟಿದ ಕೈ ಕಲಸಿದ ಹಿಟ್ಟನ್ನೂ ಮುಟ್ಟಿತ್ತು. ಅದನ್ನು ಎಮ್ಮೆಗೆ ಹಾಕಿ, ಗೋಡೆಗೊರಗಿ ನಿಂತುಬಿಟ್ಟಳು. ಕಣ್ಣೀರು ತಡೆಯಲಾಗಲಿಲ್ಲ.

"ಕುಟ್ಟಿದ ಹಿಟ್ಟು ಇನ್ನೂ ಉಳಿದಿದ್ಯಾ ಅತ್ತೆ?" ಹಿಂದೆ ಅರ್ಪಿತ ನಿಂತಿದ್ದಳು.

"ಅದೆ. ಡಬ್ಬದಲ್ಲೇ ಮುಚ್ಚಿಟ್ಟಿವ್ನಿ. ನೀನೇ ಏನಾದ್ರೂ ಮಾಡ್ಕೊಡವ್ವ. ನನ್ ಕೈ ಬ್ಯಾಡ."

ಅರ್ಪಿತ ಸೋಪು ತಂದು ಅತ್ತೆಯ ಕೈಗಿಟ್ಟು, ಚೊಂಬಿನಲ್ಲಿ ನೀರು ಹುಯ್ದಳು. "ಇಂಗಿನ ಪುಡೀಲಿ ಗೋಧಿ ಹಿಟ್ಟು ಬೆರೆಸ್ತಾರೆ ಅಂತ ನಂಗೆ ಎರಡು ವರ್ಷ ಗೊತ್ತಿರ್ಲಿಲ್ಲ. ನಿಮ್ಮ ಮಗನಿಗೆ ದಿನಾ ಒಗ್ಗರಣೆಗೆ ಹಾಕಿ, ಡಾಕ್ಟರ್ ಸರಿಯಿಲ್ಲ ಅಂತ ಬೈತಿದ್ದೆ" ಅಂದಳು. "ಉಗುರಿನ ಸಂದೀನೂ ತೊಳ್ಕೊಳಿ."

ಅತ್ತೆ ಸೊಸೆ ಒಟ್ಟಿಗೆ ಕೂತರು. ಕುದಿಯುವ ನೀರಿಗೆ ಹಿಟ್ಟು ಹಾಕಿ ಅರ್ಪಿತ ತಿರುವಿದಳು, ಅವರೆಕಾಳು ಸೇರಿಸಿ ರುದ್ರಮ್ಮ ಉಂಡೆ ಕಟ್ಟಿದಳು. ಬಾಳೆಲೆ ಹಾಸಿದ ಇಡ್ಲಿ ತಟ್ಟೆಯಲ್ಲಿ, ಎಣ್ಣೆಯ ಗೊಡವೆಯೇ ಇಲ್ಲದೆ, ಕಡುಬು ಬೆಂದಿತು. ಕಾಯಿ ಚಟ್ನಿಯ ಜೊತೆ ಶಿವಾನಿ ಮೂರು ತಿಂದಳು. ಮದನ ಒಂದನ್ನು ತಿಂದು ಇನ್ನೊಂದನ್ನು ಮೂಗಿಗೆ ಮೆತ್ತಿಕೊಂಡ. ರುದ್ರಮ್ಮ ಮಾತ್ರ ಒಂದು ತುತ್ತನ್ನೂ ಮುಟ್ಟದೆ ಮಕ್ಕಳ ತುಟಿಗಳನ್ನೇ ಕಾಯುತ್ತ ಕೂತಳು.

ಸಂಜೆ ಬಸ್ಸಿಗೆ ಹೊರಟು ನಿಂತಾಗ ಅರ್ಪಿತ ಚಪ್ಪಲಿ ಮೆಟ್ಟುತ್ತ ಅಂದಳು: "ಬೇಸಿಗೆ ರಜಕ್ಕೆ ಮಕ್ಕಳನ್ನ ಒಂದು ವಾರ ಇಲ್ಲಿ ಬಿಟ್ಟುಹೋಗ್ತೀನಿ ಅತ್ತೆ."

ಅಷ್ಟು ದಿನದಿಂದ ಕಾದಿದ್ದ ಮಾತು. ಆದರೆ ರುದ್ರಮ್ಮನ ಬಾಯಲ್ಲಿ ಬಂದದ್ದೇ ಬೇರೆ. "ಬ್ಯಾಡ ಕಣವ್ವ. ಇವತ್ತು ನೋಡಿದ್ಯಲ್ಲ. ನಂಗೆ ಭಯ ಆಯ್ತದೆ."

"ನಂಗೂ ದಿನಾ ಆಗುತ್ತೆ ಅತ್ತೆ" ಅಂದಳು ಅರ್ಪಿತ. "ಭಯ ಇಲ್ಲದವರ ಹತ್ರ ನಾನು ಮಕ್ಕಳನ್ನ ಬಿಡಲ್ಲ."

ಅವರು ಬಸ್ಸು ಹತ್ತಿದ ಮೇಲೆ ರುದ್ರಮ್ಮ ಒಲೆಯ ಪಕ್ಕದ ಕಡಲೆಕಾಯಿ ಎಣ್ಣೆಯ ಗಿಂಡಿಯನ್ನು ಬೇಸಿಗೆಗೆ ಮೊದಲೇ ಅಟ್ಟಕ್ಕೇರಿಸಿದಳು.