ಚಳಿಯಲ್ಲಿ ಮಾತ್ರ ಹಾರುವ ಯಂತ್ರ

ಜೂರಾ ಒಲೆಯ ಬಾಯೊಳಗೆ ಕೈಹಾಕಿ ಹಿಂದಿನ ದಿನದ ಬೂದಿಯನ್ನು ಬಕೆಟ್ಟಿಗೆ ತೋಡುತ್ತಿದ್ದಳು. ಬಕೆಟ್ಟು ಮುಕ್ಕಾಲು ತುಂಬಿತ್ತೋ ಏನೋ, ಗೋಡೆಯಾಚೆಯ ಚಿಕ್ಕ ಕೋಣೆಯಲ್ಲಿ ಮೇಜಿಗೆ ಗುದ್ದಿದ ಸದ್ದಾಯಿತು. ಹಿಂದೆಯೇ ಗಂಡ ಅಕ್ಮಾತನ ಕೂಗು.

"ನಿಂತುಬಿಡ್ತು! ಮತ್ತೆ ಅಲ್ಲೇ ನಿಂತುಬಿಡ್ತು!"

ಎಲ್ಲಿ ಅಂತ ಅವಳು ಕೇಳಲಿಲ್ಲ. ಕೇಳುವುದೇನು, ಅವಳಿಗೂ ಬಾಯಿಪಾಠವಾಗಿತ್ತು. ಪರದೆಯ ಮೇಲಿನ ವಿಮಾನ ಕಣಿವೆ ದಾಟಿ, ಸರೋವರದ ಮೇಲೆ ಬಲಕ್ಕೆ ಹೊರಳಿ, ರನ್‌ವೇಗೆ ಎದುರಾಗುವ ಹೊತ್ತಿಗೆ ತಡವರಿಸುತ್ತಿತ್ತು. ಅಷ್ಟು ಬೆಟ್ಟ, ಅಷ್ಟು ನೀರು, ಅಷ್ಟು ಮೋಡಗಳನ್ನು ಒಟ್ಟಿಗೆ ಲೆಕ್ಕ ಹಾಕಲು ಆ ಹಳೆಯ ಕಂಪ್ಯೂಟರಿನ ಕೈಲಾಗುತ್ತಿರಲಿಲ್ಲ. ಅರೆಗಳಿಗೆ ಕಲ್ಲಾಗಿ ನಿಂತು ಮತ್ತೆ ಹೊರಟಾಗ ವಿಮಾನ ಆಗಲೇ ನೆಲಕ್ಕೆ ಮೂತಿ ಹೊಡೆದಿರುತ್ತಿತ್ತು.

ಅಕ್ಮಾತ್ ನಿಜದ ವಿಮಾನ ಹಾರಿಸಿದವನು. ಬೆಟ್ಟದ ಮೇಲಿನ ಊರುಗಳಿಗೆ ಔಷಧಿ, ಉಪ್ಪು, ಟಪಾಲು, ಒಂದೆರಡು ಸಲ ಮದುವಣಗಿತ್ತಿಯರನ್ನೂ ಸಾಗಿಸಿದವನು. ಹೋದ ವಸಂತದಲ್ಲಿ ವೈದ್ಯಕೀಯ ಮಂಡಳಿಯವರು ಅವನ ಎದೆಬಡಿತದ ಕಾಗದದಲ್ಲಿ ಒಂದು ಸೊಟ್ಟ ಗೆರೆ ಕಂಡು ನೆಲಕ್ಕಿಳಿಸಿದರು. ಅವನು ಮೇಲ್ಮನವಿ ಹಾಕಿದ. ಮಂಡಳಿಯಿಂದ ಉತ್ತರ ಬಂತು: ಮನವಿ ಹಿಂದಕ್ಕೆ ತೆಗೆದುಕೊಂಡು, ಇನ್ನು ಹಾರುವುದಿಲ್ಲವೆಂದು ಸಹಿ ಹಾಕಿ ಕಳಿಸಿದರೆ ನೆಲದ ಮೇಲೆ ಕಲಿಸುವ ಪರವಾನಗಿ ಕೊಡಬಹುದು. ಮನವಿ ಹಿಂತೆಗೆದುಕೊಳ್ಳುವ ಆ ಕಾಗದವನ್ನು ಅಕ್ಮಾತ್ ಹೇಳಿ ಬರೆಸಿದ್ದ, ಜೂರಾ ದುಂಡಗೆ ಬರೆದಿದ್ದಳು. ಸಹಿಯ ಜಾಗಕ್ಕೆ ಬಂದಾಗ ಅವನು ಪೆನ್ನು ಕೆಳಗಿಟ್ಟು ಎದ್ದುಹೋದ. ಅಂದಿನಿಂದ ಅದು ಕನ್ನಡಿಯ ಹಿಂದೆ ಬಿದ್ದಿತ್ತು.

ಆಮೇಲೆ ಅವನು ಗಡ್ಡ ಬೋಳಿಸುವುದನ್ನು ಬಿಟ್ಟ. ಪೇಟೆಗೆ ಹೋಗುವುದನ್ನು ಬಿಟ್ಟ. ಒಂದು ಸಂಜೆ ಕೊಟ್ಟಿಗೆಯಲ್ಲಿ ಹಗ್ಗ ಹಿಡಿದು, ತೊಲೆ ನೋಡುತ್ತ ಸುಮ್ಮನೆ ನಿಂತಿದ್ದ. ಮಾರನೆಯ ದಿನ ಜೂರಾ ಮನೆಯ ಹಗ್ಗಗಳನ್ನೆಲ್ಲ ಸುತ್ತಿ ನೆರೆಮನೆಗೆ ಸಾಗಿಸಿ, ಹಸು ಕಟ್ಟಲು ಸರಪಳಿ ತಂದಳು.

ಅವನನ್ನು ಹಾಸಿಗೆಯಿಂದ ಎಬ್ಬಿಸಿದ್ದು ಈ ಸಿಮ್ಯುಲೇಟರ್ ಒಂದೇ. ಗುಜರಿಗೆ ಬಿದ್ದ ವಿಮಾನದ ಚುಕ್ಕಾಣಿ, ಪೆಡಲುಗಳನ್ನು ತಂದು ತಾನೇ ಜೋಡಿಸಿದ್ದ. ಈಗ ಅವನಿಗೆ ಮೊದಲು ಹಾರಲು ಕಲಿಸಿದ ಶಾರ್ಶೆನ್ ಎಂಬ ಗುರುಗಳು ಸರೋವರದ ದಡದಲ್ಲಿ ಹಾರಾಟದ ಶಾಲೆ ತೆರೆಯುವವರಿದ್ದರು. ಭಾನುವಾರ ಮನೆಗೇ ಬಂದು ನೋಡುತ್ತೇನೆಂದಿದ್ದರು. ಒಪ್ಪಿದರೆ ಯಂತ್ರವೂ ಶಾಲೆಗೆ, ಅಕ್ಮಾತನೂ ಶಾಲೆಗೆ. ಒಪ್ಪದಿದ್ದರೆ? ಅದರಾಚೆ ಯೋಚಿಸಲು ಜೂರಾಗೆ ಧೈರ್ಯವಿರಲಿಲ್ಲ.

ಬೂದಿಯ ಕೈ ತೊಳೆದುಕೊಂಡು ಅವಳು ಬಾಗಿಲಲ್ಲಿ ನಿಂತಳು. "ಏನೂಂದ್ರೆ, ಎದ್ದೇಳಿ. ಕರು ಮಾರಿದ ದುಡ್ಡಿದೆ. ಪೇಟೆಗೆ ಹೋಗೋಣ."

"ಅದು ನಿನ್ನ ಹಲ್ಲಿಗೆ ಅಂತ ಇಟ್ಟಿದ್ದು."

"ನನ್ನ ಹಲ್ಲು ಎಲ್ಲೂ ಹಾರಿಹೋಗಲ್ಲ, ಬನ್ನಿ."

ಕರಕೋಲಿನ ಪೇಟೆಯಲ್ಲಿ ಕಂಪ್ಯೂಟರ್ ಸಾಮಾನು ಮಾರುವವನು ದುಂಗಾನ್ ಜನಾಂಗದ ಇಸ್ಮಾರ್. ಹಡಗಿನ ಸರಕು ತುಂಬುವ ದೊಡ್ಡ ಕಬ್ಬಿಣದ ಪೆಟ್ಟಿಗೆಯೇ ಅವನ ಅಂಗಡಿ. ಒಳಗೆ ಹೊರಗಿಗಿಂತ ಹೆಚ್ಚು ಚಳಿ. ಅವನು ದೊಡ್ಡ ಡಬ್ಬಿಯೊಂದನ್ನು ಮುಂದೆ ತಳ್ಳಿದ.

"ಇದು ತಗೊಳ್ಳಿ ಅಣ್ಣಾ, ಹದಿನಾರು ಕೋರಿನ ಪ್ರೊಸೆಸರ್. ಇದಕ್ಕಿಂತ ದೊಡ್ಡದು ಈ ಊರಲ್ಲೇ ಇಲ್ಲ."

"ಹದಿನಾರು ಯಾಕಯ್ಯಾ, ನಾನೇನು ಮದುವೆ ಊಟ ಹಾಕಿಸ್ತಿದ್ದೀನಾ?" ಎಂದ ಅಕ್ಮಾತ್. ಎಷ್ಟೋ ದಿನದ ಮೇಲೆ ಅವನ ಬಾಯಿಂದ ಬಂದ ಮೊದಲ ತಮಾಷೆ ಅದು. "ಹಾರಾಟದ ಲೆಕ್ಕ ಮುಕ್ಕಾಲು ಪಾಲು ಒಂದೇ ಕೋರಿನ ತಲೆ ಮೇಲೆ ಬೀಳುತ್ತೆ. ಮಿಕ್ಕವು ಕೈ ಕಟ್ಕೊಂಡು ನೋಡ್ತಾ ಕೂರ್ತವೆ."

"ಅಂದ್ರೆ ಲಗ್ಮಾನ್ ಶಾವಿಗೆ ಎಳೆಯೋ ಹಾಗೆ," ಎಂದಳು ಜೂರಾ. "ಒಂದೇ ಎಳೇನ ಹದಿನಾರು ಜನ ಎಳೆಯೋಕಾಗುತ್ತಾ? ಒಬ್ಬಳೇ ಎಳೀಬೇಕು, ಬೇಗ ಎಳೀಬೇಕು."

ಇಸ್ಮಾರ್ ನಕ್ಕುಬಿಟ್ಟ. "ಅಕ್ಕಾ, ನಮ್ಮಮ್ಮನ್ನ ನೋಡಿ ಹೇಳಿದ ಹಾಗಿದೆ! ಹಾಗಾದ್ರೆ ಇದು ನೋಡಿ. ಎಂಟೇ ಕೋರು, ಆದ್ರೆ ಕಾಲು ಚುರುಕು. ಬೀಗ ತೆಗೆದಿರೋ ಮಾಲು. ಕಾರ್ಖಾನೆಯವರು ಹೇಳಿದ್ದಕ್ಕಿಂತ ಜೋರಾಗಿ ಓಡಿಸ್ಬೋದು. ಓವರ್‌ಕ್ಲಾಕ್ ಮಾಡೋರೆಲ್ಲ ಇದನ್ನೇ ಒಯ್ತಾರೆ."

"ಎಷ್ಟು ಜೋರಾಗಿ?"

"ಅದು ಅದರ ಹಣೆಬರಹ. ಒಂದೇ ತಾಯಿ ಮಕ್ಕಳಲ್ವಾ ಅಂದ್ರೆ, ಒಬ್ಬ ತಡ್ಕೋತಾನೆ, ಒಬ್ಬ ಮಲಗಿಬಿಡ್ತಾನೆ. ಡಬ್ಬಿ ಒಡೆದ ಮೇಲೆ ವಾಪಸ್ ಇಲ್ಲ, ಈಗಲೇ ಹೇಳಿರ್ತೀನಿ. ಜೋರು ಮಾಡಿದಷ್ಟೂ ಸುಡುತ್ತೆ. ದೊಡ್ಡ ಫ್ಯಾನೂ ಒಂದು ತಗೊಂಡುಬಿಡಿ."

ಅಕ್ಮಾತ್ ಹೆಂಡತಿಯ ಕೈಯಲ್ಲಿದ್ದ ಗಂಟು ನೋಡಿದ. ಫ್ಯಾನಿಗೆ ಅದರಲ್ಲಿ ಏನೂ ಮಿಗುತ್ತಿರಲಿಲ್ಲ. "ಹಳೇ ಫ್ಯಾನೇ ಸಾಕು. ಕರಕೋಲಿನ ಜನವರಿ ಇಲ್ವಾ? ಕಿಟಕಿ ತೆಗೆದಿಡ್ತೀನಿ."

"ಊರವರೆಲ್ಲ ಮಾಡೋದು ಅದೇ," ಎಂದು ಇಸ್ಮಾರ್ ಮತ್ತೆ ನಕ್ಕ.

ಆ ವಾರವಿಡೀ ಚಿಕ್ಕ ಕೋಣೆಯ ಕಿಟಕಿ ಹಾರು ಹೊಡೆದುಕೊಂಡಿತ್ತು. ಮನೆಯ ಕಾವು ಅತ್ತ ಸೋರದಂತೆ ಜೂರಾ ಬಾಗಿಲಡಿಗೆ ಕಂಬಳಿ ತುರುಕಿದಳು. ಒಳಗೆ ಅಕ್ಮಾತ್ ಕೋಟು, ನರಿಚರ್ಮದ ಟೋಪಿ ಹಾಕಿಕೊಂಡು ಕೂತು ಪ್ರೊಸೆಸರಿನ ವೇಗವನ್ನು ಚೂರು ಚೂರೇ ಏರಿಸುತ್ತಿದ್ದ. ಪರದೆ ಕಪ್ಪಾಗುತ್ತಿತ್ತು. ವಿದ್ಯುತ್ತು ಸ್ವಲ್ಪ ಹೆಚ್ಚು ಉಣಿಸಿ ಮತ್ತೆ ಎಬ್ಬಿಸುತ್ತಿದ್ದ. ಮತ್ತೆ ಕಪ್ಪು. ಜೂರಾ ಹಿಟ್ಟು ನಾದುತ್ತಲೇ ಕಿವಿಯನ್ನು ಗೋಡೆಗೆ ಕೊಟ್ಟಿರುತ್ತಿದ್ದಳು. ಗುದ್ದಿದ ಸದ್ದು ಕೇಳಿದರೆ ಅವಳ ಎದೆ ಹೊಡೆದುಕೊಳ್ಳುತ್ತಿತ್ತು. ಏನೂ ಕೇಳದಿದ್ದರೆ ಇನ್ನೂ ಜೋರಾಗಿ.

ಕೊನೆಗೊಂದು ಮಧ್ಯಾಹ್ನ ಅವನು ಬಾಗಿಲು ತೆರೆದ. ಮೀಸೆಯ ಮೇಲೆ ಮಂಜು ಕಟ್ಟಿತ್ತು. "ಜೂರಾ, ಬಾ ಇಲ್ಲಿ. ಸರೋವರದ ತಿರುವು ನೋಡು."

ವಿಮಾನ ನೀರಿನ ಮೇಲೆ ಹೊರಳಿತು, ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ. ಎಲ್ಲೂ ತಡೆಯಲಿಲ್ಲ. ಅಂದು ಅವನು ಗಡ್ಡ ಬೋಳಿಸಿಕೊಂಡ.

ಭಾನುವಾರ ಬಂತು. ಬರುವವರು ಗಂಡನ ಗುರು, ವಯಸ್ಸಾದವರು. ಅತಿಥಿ ನಡುಗಿದ ಮನೆ ಎಂದರೆ ಬೀದಿಯಲ್ಲಿ ತಲೆ ಎತ್ತುವ ಹಾಗಿಲ್ಲ. ಜೂರಾ ಕಿಟಕಿ ಮುಚ್ಚಿ, ಸಂದಿಗೆ ಹತ್ತಿ ತುರುಕಿ, ಹಬ್ಬಕ್ಕೆಂದು ತೆಗೆದಿರಿಸಿದ್ದ ಗಟ್ಟಿ ಕಲ್ಲಿದ್ದಲನ್ನು ಒಲೆಗೆ ಸುರಿದಳು. ಒಲೆಗೆ ಅಂಟಿದ ಚಿಕ್ಕ ಕೋಣೆಯ ಗೋಡೆ ಮುಟ್ಟಿದರೆ ಸುಡುವಂತಾಯಿತು. ಅಕ್ಮಾತನೂ ಅದನ್ನು ಮುಟ್ಟಿ ನೋಡಿ, "ಚೆನ್ನಾಗಿ ಕಾದಿದೆ," ಎಂದು ತಲೆಯಾಡಿಸಿದ.

ಶಾರ್ಶೆನ್ ಬಂದರು. ಗಂಡಹೆಂಡಿರು ಅವರ ಕೋಟು, ಟೋಪಿ ಗೂಟಕ್ಕೆ ಹಾಕಿ, ಚಿಕ್ಕ ಕೋಣೆಯಲ್ಲಿ ಬಾಗಿಲಿನಿಂದ ದೂರದ ಮೇಲುಜಾಗದಲ್ಲಿ ಅವರನ್ನು ಕೂರಿಸಿದರು. ಕಂಪ್ಯೂಟರು ಅದೇ ಬೆಚ್ಚನೆಯ ಗೋಡೆಗೆ ಒರಗಿತ್ತು. ಅಕ್ಮಾತ್ ಕಣಿವೆ ದಾಟಿದ. ಜೂರಾ ಚಹಾ ಬಗ್ಗಿಸುತ್ತ ಪರದೆ ನೋಡುತ್ತಿದ್ದಳು. ಸರೋವರ ಬಂತು, ವಿಮಾನ ಬಲಕ್ಕೆ ವಾಲಿತು, ದೂರದಲ್ಲಿ ದೀಪದ ಸಾಲು ಕಂಡಿತು.

ಪರದೆ ಕಪ್ಪಾಯಿತು.

"ಏನಮ್ಮಾ," ಎಂದರು ಶಾರ್ಶೆನ್, "ಬಟ್ಟಲು ಅಂಚಿನ ತನಕ ತುಂಬಿಸಿಬಿಟ್ಟೆ? ಇರೋರಿಗೆ ಅರ್ಧ, ಹೊರಡೋರಿಗೆ ಪೂರ್ತಿ. ನನ್ನನ್ನ ಎಬ್ಬಿಸ್ತಿದ್ದೀಯಾ?"

ಜೂರಾ ನಾಲಿಗೆ ಕಚ್ಚಿಕೊಂಡು ಬಟ್ಟಲು ಹಿಂದಕ್ಕೆ ತೆಗೆದಳು. ಅಕ್ಮಾತ್ ಯಂತ್ರವನ್ನು ಮತ್ತೆ ಎಬ್ಬಿಸಿದ. ಈ ಸಲ ಕಣಿವೆಯನ್ನೇ ದಾಟಲಿಲ್ಲ. ಮೂರನೆಯ ಸಲ ನೆಲವನ್ನೇ ಬಿಡಲಿಲ್ಲ.

"ನಿನ್ನೆ ಓಡ್ತಿತ್ತು ಗುರುಗಳೇ. ದೇವರಾಣೆ, ನಿನ್ನೆ ಓಡ್ತಿತ್ತು."

"ಆಗಲಿ ಬಿಡಪ್ಪಾ, ಯಂತ್ರ ಅಲ್ವಾ." ಶಾರ್ಶೆನ್ ಕರವಸ್ತ್ರ ತೆಗೆದು ಬೋಳುತಲೆಯ ಬೆವರು ಒರೆಸಿಕೊಂಡರು. ಅವರ ದನಿಯಲ್ಲಿದ್ದ ಕನಿಕರವೇ ಅಕ್ಮಾತನನ್ನು ಮುರಿಯಿತು. ಅವನು ಚುಕ್ಕಾಣಿಯಿಂದ ಕೈತೆಗೆದು ತೊಡೆಯ ಮೇಲಿಟ್ಟುಕೊಂಡ. ಮೇಲೆ ತೊಲೆಯತ್ತ ನೋಡಿದ. ಕೊಟ್ಟಿಗೆಯಲ್ಲಿ ನೋಡಿದ್ದ ಹಾಗೆಯೇ.

ಜೂರಾ ಆ ನೋಟವನ್ನೂ ಕಂಡಳು, ಮುದುಕರ ಹಣೆಯ ಬೆವರನ್ನೂ ಕಂಡಳು. ಅತಿಥಿಯೇ ಬೇಯುತ್ತಿದ್ದರೆ ಆ ಬಡಯಂತ್ರದ ಗತಿಯೇನು? ಅದು ಹಾರಲು ಕಲಿತದ್ದೇ ಮಂಜಿನಲ್ಲಿ.

ಅವಳು ಎದ್ದು ಹೊರಗೆ ಹೋಗಿ, ಗೂಟದಿಂದ ಶಾರ್ಶೆನರ ಕೋಟನ್ನೂ ಟೋಪಿಯನ್ನೂ ತಂದು, ಎರಡೂ ಕೈಯಲ್ಲಿ ಅವರ ಮುಂದೆ ಹಿಡಿದಳು.

ಕೂತ ಅತಿಥಿಗೆ ಮನೆಯೊಡತಿ ಕೋಟು ತಂದುಕೊಡುವುದೆಂದರೆ ಕತ್ತು ಹಿಡಿದು ಹೊರಗೆ ನೂಕಿದ ಹಾಗೆ.

"ಜೂರಾ!" ಅಕ್ಮಾತ್ ಕಿರುಚಿದ. "ತಲೆ ಕೆಟ್ಟಿದ್ಯಾ ನಿಂಗೆ? ಮಾನ ಕಳೀತಿದ್ದೀಯಲ್ಲೇ!"

"ಮಾನ ಹೋದ್ರೆ ಹೋಗಲಿ ರೀ, ನೀವಿದ್ರೆ ಸಾಕು." ಅವಳು ಶಾರ್ಶೆನರತ್ತ ತಿರುಗಿದಳು. "ದೊಡ್ಡೋರೇ, ಹೊರಡಿ ಅಂತ ಕೊಡ್ತಿಲ್ಲ. ಹಾಕ್ಕೊಂಡು ಕೂತ್ಕೊಳ್ಳಿ. ಕಿಟಕಿ ತೆಗೀತೀನಿ. ಈ ಯಂತ್ರ ಚಳಿಯಲ್ಲಿ ಮಾತ್ರ ಹಾರೋದು."

ಹೇಳಿದವಳೇ ಹತ್ತಿ ಕಿತ್ತೆಸೆದು ಕಿಟಕಿ ತಳ್ಳಿದಳು. ಹಿಮದ ಗಾಳಿ ನುಗ್ಗಿ ಮೇಜಿನ ಮೇಲಿನ ರೊಟ್ಟಿಯ ಬಟ್ಟೆಯನ್ನು ಹಾರಿಸಿತು. ಕಂಪ್ಯೂಟರಿನ ಮೇಜನ್ನು ಅವಳೂ ಅಕ್ಮಾತನೂ ಕಿಟಕಿಯ ಪಕ್ಕಕ್ಕೆ ಎಳೆದರು. ಶಾರ್ಶೆನ್ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡರು. ಅವರು ಎದ್ದೇ ಬಿಡುತ್ತಾರೆ ಎಂದುಕೊಂಡಳು ಜೂರಾ. ಅವರು ಎದ್ದೂ ಬಿಟ್ಟರು. ಎದ್ದು ನಡೆದದ್ದು ಬಾಗಿಲಿಗಲ್ಲ, ಅಕ್ಮಾತನ ಕುರ್ಚಿಗೆ.

"ಏಳು. ಈಗ ನಾನು ಹಾರಿಸ್ತೀನಿ. ನಾನು ಏನೂ ಗೊತ್ತಿಲ್ದೇ ಇರೋ ಹುಡುಗ ಅಂದ್ಕೋ. ಕಲಿಸು."

ಕಾದರು. ಯಂತ್ರ ತಣ್ಣಗಾಯಿತು, ಮೂವರೂ ತಣ್ಣಗಾದರು. ವಿಮಾನ ಎದ್ದಿತು. ಸರೋವರದ ಮೇಲೆ ಮುದುಕರು ಬೇಕೆಂದೇ ಮೂತಿ ಎತ್ತಿ, ಬೇಕೆಂದೇ ವೇಗ ಕಳೆದರು.

"ಮೂತಿ ಕೆಳಗೆ," ಎಂದ ಅಕ್ಮಾತ್, ಬಾಯಿಂದ ಹಬೆ ಬಿಡುತ್ತ. "ಹೆದರ್ಬೇಡಿ, ಕೆಳಗೆ. ನೆಲ ಎಲ್ಲೂ ಓಡಿಹೋಗಲ್ಲ. ಹಾಂ... ಈಗ ಬಿಡಿ, ಅದೇ ಹಾರುತ್ತೆ."

ಆ ದನಿಯನ್ನು ಜೂರಾ ಹೋದ ವಸಂತದಿಂದ ಕೇಳಿರಲಿಲ್ಲ. ಅವಳು ಗೋಡೆಗೆ ಒರಗಿ, ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡು ನಿಂತಳು. ಚಕ್ರಗಳು ನೆಲ ಮುಟ್ಟಿದವು.

ಶಾರ್ಶೆನ್ ಚುಕ್ಕಾಣಿ ಬಿಟ್ಟರು. "ಬೇಸಗೆಗೆ ಮುಂಚೆ ಇದಕ್ಕೊಂದು ದೊಡ್ಡ ಫ್ಯಾನು ಕೊಡಿಸ್ತೀನಿ. ಯಂತ್ರದ ಮಾತು ಅಲ್ಲಿಗೆ ಮುಗೀತು. ನಿನ್ನ ಮಾತು ಬೇರೆ ಅಕ್ಮಾತ್. ಒಂದು ಕಾಲು ಮೋಡದಲ್ಲಿ, ಒಂದು ಕಾಲು ನೆಲದಲ್ಲಿ ಇಟ್ಟೋನು ಮಕ್ಕಳಿಗೆ ಕಲಿಸೋಕಾಗಲ್ಲ. ಪರವಾನಗಿ ಇಲ್ದೆ ನಾನು ತಗೊಳ್ಳೋ ಹಾಗೂ ಇಲ್ಲ. ಮಂಡಳಿಗೆ ಕಾಗದ ಹೋಯ್ತಾ?"

ಅಕ್ಮಾತ್ ಪರದೆಯತ್ತ ತಿರುಗಿದ.

"ಹೋಗಲಿ," ಎಂದರು ಅವರು. ಹೊರಡುವಾಗ ಜೂರಾಳತ್ತ ತಿರುಗಿ, "ಈ ವಯಸ್ಸಲ್ಲಿ ಕೋಟು ಕೊಟ್ಟು ಕೂರಿಸಿದ ಮನೆ ಇದೊಂದೇ ಕಣಮ್ಮಾ," ಎಂದು ಟೋಪಿ ಮುಟ್ಟಿದರು.

ಅವರು ಹೋದಮೇಲೂ ಅಕ್ಮಾತ್ ಕಿಟಕಿ ಮುಚ್ಚಲಿಲ್ಲ. ಕತ್ತಲಾಗುವ ತನಕ ಒಬ್ಬನೇ ಅದೇ ತಿರುವನ್ನು ಹಾರಿಸಿದ, ಇಳಿಸಿದ, ಮತ್ತೆ ಹಾರಿಸಿದ. ಜೂರಾ ಕರೆಯಲಿಲ್ಲ. ಆಮೇಲೆ ಅವನೇ ಬಂದು ಕನ್ನಡಿಯ ಹಿಂದೆ ಕೈ ಹಾಕಿದ. ಅಡುಗೆಮನೆಯ ಮೇಜಿನ ಮೇಲೆ ಕಾಗದ ಹರಡಿದ. ಕೋಟಿನ ಜೇಬಿನಲ್ಲಿದ್ದ ಪೆನ್ನು ಹೆಪ್ಪುಗಟ್ಟಿತ್ತು, ಗೀಚಿದರೆ ಬರೆಯಲಿಲ್ಲ. ಅವನು ಅದರ ಮೊನೆಯನ್ನು ಬಾಯಿಗಿಟ್ಟು ಉಸಿರು ಊದಿದ, ಮತ್ತೆ ಊದಿದ. ಭುಜ ಅಲುಗುತ್ತಿತ್ತು. ಜೂರಾ ಒಲೆಯ ಕಡೆ ಮುಖ ಮಾಡಿ ಕಲ್ಲಿದ್ದಲು ಕೆದಕುತ್ತ ಕೂತಳು, ಸಹಿ ಆಗುವ ತನಕ ತಿರುಗಲಿಲ್ಲ.

ಮಾರನೆಯ ಬೆಳಿಗ್ಗೆ ಅಂಚೆ ಕಚೇರಿಯಲ್ಲಿ ಅವರಿಬ್ಬರೇ ಮೊದಲಿಗರು. ಗಾಜಿನಾಚೆಯ ಹೆಂಗಸು ಲಕೋಟೆಗೆ ಕೈ ಚಾಚಿದಳು. ಅಕ್ಮಾತ್ ಅದರ ಒಂದು ತುದಿ ಹಿಡಿದೇ ನಿಂತಿದ್ದ.

"ಬಿಡಿ ಅಣ್ಣಾ," ಎಂದಳು ಅವಳು. "ಸಾದಾನಾ, ರಿಜಿಸ್ಟರಾ?"

"ರಿಜಿಸ್ಟರ್ ಮಾಡಮ್ಮಾ. ದಾರೀಲಿ ಎಲ್ಲೂ ಕಳೆದುಹೋಗೋದು ಬೇಡ," ಎಂದು ಅಕ್ಮಾತ್ ಬೆರಳು ಸಡಿಲಿಸಿದ. ಅವಳು ಮುದ್ರೆ ಒತ್ತಿ ಲಕೋಟೆಯನ್ನು ಹಿಂದಿನ ಚೀಲಕ್ಕೆ ಹಾಕಿದಳು.